ಬಾಳಸಂಗಾತಿಯ ಮಾನ ಮತ್ತು ಮಿತ್ರಧರ್ಮ

ಗೃಹಸ್ಥನ ಬಾಳಿನಲ್ಲಿ ಕೆಲವು ಸಂಬಂಧಗಳು ಜನ್ಮದಿಂದ ಬರುತ್ತವೆ, ಕೆಲವು ಒಪ್ಪಿಗೆಯಿಂದ ಬರುತ್ತವೆ. ತಂದೆ-ತಾಯಿ, ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರು ಜನ್ಮದಿಂದ ಬಂದವರು. ಮಿತ್ರರು ಮತ್ತು ಬಾಳಸಂಗಾತಿ ಒಪ್ಪಿಗೆಯಿಂದ ಬಂದವರು. ಒಪ್ಪಿಗೆಯಿಂದ ಬಂದ ಈ ಎರಡು ಸಂಬಂಧಗಳು ಒಂದಕ್ಕೊಂದು ಆಧಾರವಾಗಿದ್ದರೆ ಸಂಸಾರವು ಸುಗಮವಾಗಿ ಸಾಗುತ್ತದೆ. ಆದರೆ ಬಹುಕಾಲದ ಮಿತ್ರರೇ ತನ್ನ ಪತ್ನಿಯನ್ನು ಅಥವಾ ಪತಿಯನ್ನು ಕೀಳಾಗಿ ಕಾಣತೊಡಗಿದಾಗ ಮನುಷ್ಯನು ಏನು ಮಾಡಬೇಕು? ಮಿತ್ರರನ್ನು ಬಿಡಬೇಕೇ? ನಕ್ಕು ಸುಮ್ಮನಿರಬೇಕೇ? ಇದು ಮನೆಯ ಮಾತು, ಹೊರಗೆ ಚರ್ಚಿಸುವಂಥದ್ದಲ್ಲ ಎಂದು ಹಲವರು ತಿಳಿಯುತ್ತಾರೆ. ಆದರೆ ವಿಚಾರಿಸಿ ನೋಡಿದರೆ ಅಹಿಂಸೆ, ಸತ್ಯ ಹಾಗೂ ಕ್ಷಮೆ ಎಂಬ ಮೂರು ಧರ್ಮಗಳ ಪರೀಕ್ಷೆಯು ಇಲ್ಲಿಯೇ ನಡೆಯುತ್ತದೆ.

ಗಡಿಭಾಗದ ಜೈನ ಮನೆತನಗಳಲ್ಲಿ ಈ ಪ್ರಶ್ನೆಗೆ ಒಂದು ವಿಶೇಷ ರೂಪವಿದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ವಿಜಾಪುರ, ಬೆಳಗಾವಿ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗಗಳು ಮುಂಬಯಿ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರದವಾದವು. ನಕಾಶೆಯಲ್ಲಿ ಗೆರೆ ಬಿದ್ದರೂ ಹೆಣ್ಣು ಕೊಟ್ಟು ತರುವ ಸಂಬಂಧವು ಆ ಗೆರೆಯನ್ನು ನೋಡಲಿಲ್ಲ. ಕನ್ನಡ ಶಾಲೆಯಲ್ಲಿ ಕಲಿತ ಹೆಣ್ಣುಮಗಳು ಮರಾಠಿ ಶಾಲೆಯಲ್ಲಿ ಕಲಿತವನ ಮನೆಗೆ ಸೊಸೆಯಾಗಿ ಬಂದಳು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಬಸದಿಯಲ್ಲಿ ಪ್ರಾಕೃತ-ಸಂಸ್ಕೃತ, ಅಕ್ಕಪಕ್ಕದಲ್ಲಿ ಗುಜರಾತಿ ಹಾಗೂ ಮಾರವಾಡಿ ಬಂಧುಗಳ ಮಾತು, ಹೀಗೆ ಹಲವು ಭಾಷೆಗಳ ನಡುವೆ ಸಂಸಾರಗಳು ನಡೆದು ಬಂದಿವೆ.

ಇಂಥ ಕಡೆಯಲ್ಲಿ ಕೀಳಾಗಿ ಕಾಣುವುದು ಮೊದಲು ಮಾತಿನಿಂದಲೇ ಆರಂಭವಾಗುತ್ತದೆ. ಕನ್ನಡದಲ್ಲಿ ಕುರ್ಚಿಯೂ ಚಹವೂ ನಪುಂಸಕಲಿಂಗ. ಮರಾಠಿಯಲ್ಲಿ ಕುರ್ಚಿ ಸ್ತ್ರೀಲಿಂಗ, ಚಹಾ ಪುಲ್ಲಿಂಗ. ಕನ್ನಡದ ಹೆಣ್ಣುಮಗಳು ಇಲ್ಲಿ ತಪ್ಪುವುದು ಸಹಜ. ಜವಳಿ ವ್ಯಾಪಾರಿಯೊಬ್ಬನ ಮನೆಗೆ ಮಿತ್ರರು ಬರುತ್ತಾರೆ ಎಂದುಕೊಳ್ಳೋಣ. ಆಕೆ ಚಹ ಕೊಡುತ್ತ ಆಡಿದ ಮಾತನ್ನು ಒಬ್ಬನು ಅಣಕಿಸುತ್ತಾನೆ, ಉಳಿದವರು ನಗುತ್ತಾರೆ, ಗಂಡನೂ ನಗುತ್ತಾನೆ. ಮುಂದೆ ಉತ್ಸವದ ಪಂಕ್ತಿಯಲ್ಲಿ ಆ ಮಿತ್ರರ ಮನೆಯ ಹೆಂಗಸರೂ ಅದೇ ಮಾತನ್ನು ಆಡುತ್ತಾರೆ. ಆಕೆ ಭಕ್ತಾಮರ ಸ್ತೋತ್ರದ 48 ಶ್ಲೋಕಗಳನ್ನು ಪುಸ್ತಕವಿಲ್ಲದೆ ಹೇಳಬಲ್ಲಳು ಎಂಬುದು ಅಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಮರುವರ್ಷ ಆಕೆ "ಮನೆಯಲ್ಲಿ ಕೆಲಸವಿದೆ, ನೀವು ಹೋಗಿ ಬನ್ನಿ" ಎನ್ನುತ್ತಾಳೆ. ಗಂಡನು ಅದನ್ನು ನಿಜವೆಂದೇ ನಂಬಿ ಒಬ್ಬನೇ ಹೋಗುತ್ತಾನೆ.

ಇದು ಹೆಣ್ಣಿಗೆ ಮಾತ್ರ ಬರುವ ಕಷ್ಟವಲ್ಲ. ಪದವಿ ಪಡೆದು ಶಾಲೆಯಲ್ಲಿ ಶಿಕ್ಷಕಿಯಾದವಳ ಗಂಡನು ಕಿರಾಣಿ ಅಂಗಡಿ ನಡೆಸುತ್ತಿದ್ದರೆ, ಆಕೆಯ ಗೆಳತಿಯರು "ನಿನ್ನಂಥವಳಿಗೆ ಇಂಥವನೇ?" ಎಂದು ಕನಿಕರ ತೋರಿಸುತ್ತಾರೆ. ಅಣಕಕ್ಕಿಂತ ಈ ಕನಿಕರವು ಹೆಚ್ಚು ಅಪಾಯಕಾರಿ. ಅಣಕವು ಅಣಕವೆಂದು ಕೂಡಲೇ ತಿಳಿಯುತ್ತದೆ. ಕನಿಕರವು ಪ್ರೀತಿಯ ವೇಷದಲ್ಲಿ ಬಂದು ಕೇಳುವವಳ ಮನಸ್ಸಿನಲ್ಲಿಯೇ ಮನೆ ಮಾಡಿಕೊಳ್ಳುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಎಣಿಸಿದ್ದಾರೆ. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಐಶ್ವರ್ಯ, ತಪಸ್ಸು ಮತ್ತು ರೂಪ, ಇವುಗಳ ಗರ್ವವೇ ಮದ. ಬಾಳಸಂಗಾತಿಯನ್ನು ಹೀಗಳೆಯುವ ಮಾತುಗಳನ್ನು ತೂಗಿ ನೋಡಿದರೆ ಪ್ರತಿಯೊಂದೂ ಈ ಎಂಟರಲ್ಲಿ ಯಾವುದಾದರೊಂದು ಖಾತೆಗೆ ಜಮೆಯಾಗುತ್ತದೆ. "ಓದಿಲ್ಲ" ಎಂಬುದು ಜ್ಞಾನಮದ, "ತವರಿನವರು ಬಡವರು" ಎಂಬುದು ಐಶ್ವರ್ಯಮದ, "ಬಣ್ಣ ಕಪ್ಪು" ಎಂಬುದು ರೂಪಮದ. ತತ್ತ್ವಾರ್ಥಸೂತ್ರವು ಪರನಿಂದೆ ಹಾಗೂ ಆತ್ಮಪ್ರಶಂಸೆಗಳನ್ನು, ಪರರಲ್ಲಿರುವ ಗುಣವನ್ನು ಮುಚ್ಚಿ ತನ್ನಲ್ಲಿಲ್ಲದ ಗುಣವನ್ನು ಮೆರೆಸುವುದನ್ನು ನೀಚಗೋತ್ರ ಕರ್ಮದ ಆಸ್ರವಕ್ಕೆ ಕಾರಣವೆಂದು ಹೇಳುತ್ತದೆ. ಅಂದರೆ ಇನ್ನೊಬ್ಬರನ್ನು ನೀಚವಾಗಿ ಕಂಡವನು ತನಗೇ ನೀಚತ್ವವನ್ನು ಗಳಿಸಿಕೊಳ್ಳುತ್ತಾನೆ. ಈ ದೃಷ್ಟಿಯಿಂದ ಹೀಗಳೆಯುವ ಮಿತ್ರನು ದ್ವೇಷಕ್ಕೆ ಪಾತ್ರನಲ್ಲ, ಎಚ್ಚರಿಕೆಗೆ ಪಾತ್ರನು.

ಆದರೆ ಸುಮ್ಮನಿದ್ದವನ ಗತಿಯೇನು? ಇದಕ್ಕೆ ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಬರುವ ಅಂಜನಾದೇವಿಯ ವೃತ್ತಾಂತವು ಸ್ಪಷ್ಟ ಉತ್ತರವನ್ನು ಕೊಡುತ್ತದೆ. ಮದುವೆಗೆ ಮುಂಚೆ ಪವನಂಜಯನು ಅಂಜನೆಯನ್ನು ಕಾಣುವ ಆತುರದಿಂದ ಮಿತ್ರನಾದ ಪ್ರಹಸಿತನೊಡನೆ ಹೋಗಿ ಮರೆಯಲ್ಲಿ ನಿಂತನು. ಒಳಗೆ ಸಖಿ ವಸಂತಮಾಲೆಯು ಪವನಂಜಯನನ್ನು ಹೊಗಳಿದಳು. ಇನ್ನೊಬ್ಬ ಸಖಿಯು ಅವನನ್ನು ಹೀಗಳೆದು, ವಿದ್ಯುತ್ಪ್ರಭನೇ ಅವನಿಗಿಂತ ಯೋಗ್ಯನಾಗಿದ್ದನೆಂದಳು. ಅಂಜನೆಯು ಲಜ್ಜೆಯಿಂದ ಏನನ್ನೂ ಹೇಳಲಿಲ್ಲ. ಮರೆಯಲ್ಲಿದ್ದವನು ಆ ಮೌನವನ್ನು ಸಮ್ಮತಿಯೆಂದು ತಿಳಿದನು. ಸಿಟ್ಟಿನಿಂದ ಕತ್ತಿಗೆ ಕೈ ಹಾಕಿದವನನ್ನು ಪ್ರಹಸಿತನು ತಡೆದನು. ಮದುವೆಯೇನೋ ನಡೆಯಿತು, ಆದರೆ ಪವನಂಜಯನು ಆಕೆಯ ಮುಖವನ್ನು ನೋಡಲಿಲ್ಲ. 22 ವರ್ಷ ಹೀಗೆಯೇ ಕಳೆಯಿತೆಂದು ಹೇಳುವುದುಂಟು. ಯುದ್ಧಕ್ಕೆ ಹೊರಟಾಗ ಮಾನಸ ಸರೋವರದ ದಡದಲ್ಲಿ ಸಂಗಾತಿಯನ್ನಗಲಿ ದುಃಖಿಸುವ ಚಕ್ರವಾಕವನ್ನು ಕಂಡ ಮೇಲೆಯೇ ಅವನ ಮನಸ್ಸು ಕರಗಿತು.

ಈ ಕಥೆಯಲ್ಲಿ ಇಬ್ಬರದೂ ತಪ್ಪಿದೆ. ಕೇಳಿ ವಿಚಾರಿಸದೆ ಶಿಕ್ಷೆ ಕೊಟ್ಟ ಪವನಂಜಯನದೇ ದೊಡ್ಡ ತಪ್ಪು. ಅಂಜನೆಯ ಮನಸ್ಸು ನಿರ್ಮಲವಾಗಿತ್ತು, ಆದರೂ ಆಡಬೇಕಾದ ಒಂದು ಮಾತು ಆಡದೆ ಉಳಿಯಿತು. "ಹಾಗೆನ್ನಬೇಡ" ಎಂಬ ಒಂದು ನುಡಿ ಅಷ್ಟು ವರ್ಷಗಳ ದುಃಖವನ್ನು ತಡೆಯಬಹುದಾಗಿತ್ತು. ಸಂಗಾತಿಯ ನಿಂದೆ ನಡೆಯುವಾಗ ಗಂಡನ ಅಥವಾ ಹೆಂಡತಿಯ ಮೌನವು ಬರಿಯ ಮೌನವಾಗಿ ಉಳಿಯುವುದಿಲ್ಲ. ಕೇಳಿದವರು ಅದಕ್ಕೆ ತಮ್ಮ ಅರ್ಥವನ್ನು ಹಚ್ಚುತ್ತಾರೆ.

ಜೈನ ಶಾಸ್ತ್ರವು ಕರ್ಮಾಸ್ರವವನ್ನು ವಿಚಾರಿಸುವಾಗ ಕೃತ, ಕಾರಿತ, ಅನುಮೋದಿತ ಎಂಬ ಮೂರು ವಿಧಗಳನ್ನು ಹೇಳುತ್ತದೆ. ತಾನು ಮಾಡಿದ್ದು ಒಂದು, ಇನ್ನೊಬ್ಬರಿಂದ ಮಾಡಿಸಿದ್ದು ಎರಡನೆಯದು, ಮಾಡಿದ್ದನ್ನು ಒಪ್ಪಿ ಸಂತೋಷಪಟ್ಟದ್ದು ಮೂರನೆಯದು. ಹೆಂಡತಿಯನ್ನು ಅಣಕಿಸಿದ ಮಿತ್ರನದು ಕೃತ. ಜೊತೆಗೂಡಿ ನಕ್ಕ ಗಂಡನದು ಅನುಮೋದಿತ. ವ್ಯವಹಾರದ ಮಾತಿನಲ್ಲಿ ಹೇಳುವುದಾದರೆ, ಸಾಲಪತ್ರಕ್ಕೆ ಜಾಮೀನು ನಿಂತವನು ಹಣ ಎಣಿಸಿಕೊಂಡಿರುವುದಿಲ್ಲ, ಆದರೂ ವಸೂಲಿಯ ದಿನ ಅವನೂ ಹೊಣೆಗಾರನೇ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ವಚನಗುಪ್ತಿಯು ಶ್ರೇಷ್ಠವಲ್ಲವೇ? ಮಾತಿಗೆ ಮಾತು ಬೆಳೆಸಿ ಸ್ನೇಹವನ್ನು ಮುರಿಯುವುದಕ್ಕಿಂತ ಸಹಿಸುವುದು ಲೇಸಲ್ಲವೇ? ತನ್ನ ಮೇಲೆ ಬಂದ ನಿಂದೆಗೆ ಈ ಮಾತು ಸರಿ. ತನಗಾದ ಅಪಮಾನವನ್ನು ನುಂಗುವುದು ತಾಳ್ಮೆ. ಆದರೆ ಇನ್ನೊಬ್ಬರಿಗಾದ ಅಪಮಾನವನ್ನು ತಾನು ನುಂಗಿದಂತೆ ತೋರಿಸುವುದು ತಾಳ್ಮೆಯಲ್ಲ. ಅಲ್ಲಿ ಸಹಿಸುತ್ತಿರುವವಳು ಆಕೆ, ಕೀರ್ತಿ ಪಡೆಯುತ್ತಿರುವವನು ಇವನು.

ಮಿತ್ರನಿಗೆ ಹೇಳುವ ಮುನ್ನ ಗೃಹಸ್ಥನು ತನ್ನ ಖಾತೆಯನ್ನು ತಾನೇ ತೆಗೆದು ನೋಡಬೇಕು. ಮಿತ್ರರಿಗೆ ಈ ಸಲಿಗೆ ಎಲ್ಲಿಂದ ಬಂತು? ಅನೇಕ ಸಲ ಅದರ ಮೂಲವು ಗಂಡನ ಬಾಯಿಯೇ ಆಗಿರುತ್ತದೆ. ಅಂಗಡಿಯ ಕಟ್ಟೆಯ ಮೇಲೆ ಕುಳಿತು "ನಮ್ಮಾಕೆಗೆ ಏನೂ ತಿಳಿಯುವುದಿಲ್ಲ" ಎಂದು ವಿನೋದಕ್ಕೆ ಆಡಿದ ಮಾತನ್ನೇ ಮಿತ್ರರು ಕೆಲವು ದಿನಗಳ ಮೇಲೆ ಬಡ್ಡಿ ಸಮೇತ ಹಿಂದಿರುಗಿಸುತ್ತಾರೆ. ಸತ್ಯಾಣುವ್ರತಕ್ಕೆ ಐದು ಅತಿಚಾರಗಳಿವೆ. ಅವುಗಳಲ್ಲಿ ರಹೋಭ್ಯಾಖ್ಯಾನ ಎಂಬುದು ಸ್ತ್ರೀ-ಪುರುಷರ ಏಕಾಂತದ ಸಂಗತಿಯನ್ನು ಹೊರಗೆಡಹುವ ದೋಷ. ಅದೇ ಸಾಲಿನಲ್ಲಿ ನ್ಯಾಸಾಪಹಾರ, ಅಂದರೆ ನಂಬಿ ಇಟ್ಟ ಠೇವಣಿಯನ್ನು ಅಪಹರಿಸುವ ದೋಷವೂ ಬರುತ್ತದೆ. ಇವೆರಡನ್ನು ಒಂದೇ ಕಡೆ ಎಣಿಸಿರುವುದು ವ್ಯಾಪಾರಸ್ಥರಿಗೆ ಮನಗಾಣಿಸುವಂತಿದೆ. ತವರನ್ನು ಬಿಟ್ಟು ಬಂದವಳು ತನ್ನ ದೌರ್ಬಲ್ಯಗಳನ್ನು, ಅಂಜಿಕೆಗಳನ್ನು ಗಂಡನಲ್ಲಿ ಠೇವಣಿಯಾಗಿ ಇಟ್ಟಿರುತ್ತಾಳೆ. ಗಂಡನೂ ಹಾಗೆಯೇ ಹೆಂಡತಿಯಲ್ಲಿ ಇಟ್ಟಿರುತ್ತಾನೆ. ಅದನ್ನು ನಾಲ್ಕು ಜನರ ನಗೆಗಾಗಿ ಖರ್ಚು ಮಾಡುವ ಅಧಿಕಾರ ಯಾರಿಗೂ ಇಲ್ಲ.

ತನ್ನ ಖಾತೆ ಸರಿಯಾದ ಮೇಲೆ ಮಿತ್ರನಿಗೆ ಹೇಳಬೇಕು. ಹೇಳುವ ರೀತಿಗೆ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾದ ಉಪಗೂಹನವು ದಾರಿ ತೋರಿಸುತ್ತದೆ. ಈ ಅಂಗಕ್ಕೆ ಪ್ರಸಿದ್ಧನಾದ ಜಿನೇಂದ್ರಭಕ್ತನು ಒಬ್ಬ ಶ್ರೇಷ್ಠಿ. ಕ್ಷುಲ್ಲಕನ ವೇಷದಲ್ಲಿ ಬಂದ ಕಳ್ಳನು ಅವನ ಜಿನಾಲಯದ ರತ್ನವನ್ನು ಕದ್ದು ಸಿಕ್ಕಿಬಿದ್ದಾಗ ಶ್ರೇಷ್ಠಿಯು ಜನರ ಮುಂದೆ ಧರ್ಮದ ಮಾನವನ್ನು ಕಾಪಾಡಿದನು, ಬಳಿಕ ಕಳ್ಳನನ್ನು ಏಕಾಂತದಲ್ಲಿ ಗದರಿಸಿ ಕಳಿಸಿದನು. ದೋಷವನ್ನು ಅವನು ಒಪ್ಪಲಿಲ್ಲ, ಬೀದಿಗೂ ತರಲಿಲ್ಲ. ಮಿತ್ರನ ವಿಷಯದಲ್ಲಿಯೂ ಹಾಗೆಯೇ. ಅಣಕ ನಡೆದ ಕ್ಷಣದಲ್ಲಿ ನಗದೆ, "ಆ ಮಾತು ಬೇಡ" ಎಂದಷ್ಟೇ ಹೇಳಿ ಮಾತನ್ನು ತಿರುಗಿಸಬೇಕು. ಮರುದಿನ ಅವನೊಬ್ಬನನ್ನೇ ಕಂಡು ಹೀಗೆ ಹೇಳಬಹುದು: "ನೀನು ನನ್ನ ಗೆಳೆಯ, ಆಕೆ ನನ್ನ ಮನೆಯಾಕೆ. ನಿನ್ನೆಯ ಮಾತಿನಿಂದ ಆಕೆಗೆ ನೋವಾಗಿದೆ, ನನಗೂ ಆಗಿದೆ. ಇನ್ನು ಮುಂದೆ ಹಾಗಾಗಬಾರದು." ಇದಕ್ಕಿಂತ ಹೆಚ್ಚಿನ ಮಾತು ಬೇಕಾಗಿಲ್ಲ. ಹೆಂಡತಿಯ ಗುಣಗಳ ಪಟ್ಟಿಯನ್ನು ಒಪ್ಪಿಸುವ ಅಗತ್ಯವೂ ಇಲ್ಲ. ಗೌರವಕ್ಕೆ ಆಕೆ ಪರೀಕ್ಷೆ ಕೊಟ್ಟು ಉತ್ತೀರ್ಣಳಾಗಬೇಕಾಗಿಲ್ಲ.

ಆದರೂ ವಿವೇಕವಿರಬೇಕು. ಮಿತ್ರನು ಆಡಿದ ಪ್ರತಿಯೊಂದು ಕಹಿ ಮಾತೂ ತಿರಸ್ಕಾರವಲ್ಲ. ಗೆಳತಿಯ ಗಂಡನು ಜೂಜಿಗೆ ಬಿದ್ದಿದ್ದರೆ, ಆಕೆಯ ಮೇಲೆ ಕೈ ಮಾಡುತ್ತಿದ್ದರೆ, ಅದನ್ನು ಎತ್ತಿ ಹೇಳಿದವಳು ನಿಂದಕಳಲ್ಲ, ಹಿತೈಷಿ. ಎರಡನ್ನೂ ಬೇರ್ಪಡಿಸುವುದು ಕಠಿಣವಲ್ಲ. ಹಿತೈಷಿಯು ಮಾಡಿದ ಕೃತ್ಯವನ್ನು ಕುರಿತು, ಏಕಾಂತದಲ್ಲಿ, ನೊಂದು ಹೇಳುತ್ತಾಳೆ. ತಿರಸ್ಕರಿಸುವವಳು ಹುಟ್ಟು, ಬಣ್ಣ, ಮಾತು, ಬಡತನಗಳನ್ನು ಕುರಿತು, ಸಭೆಯಲ್ಲಿ, ನಗುತ್ತ ಹೇಳುತ್ತಾಳೆ. ಮೊದಲನೆಯವಳ ಮಾತಿಗೆ ಸಿಟ್ಟಾಗುವುದು ಮೋಹ, ಎರಡನೆಯವಳ ಮಾತಿಗೆ ತಲೆದೂಗುವುದು ಅಧರ್ಮ.

ಕನ್ನಡ, ಮರಾಠಿ, ಗುಜರಾತಿ ಎಂಬ ಭೇದವಿಲ್ಲದೆ ಜೈನ ಮನೆಗಳಲ್ಲಿ ಹೇಳುವ ಕಥೆಯೆಂದರೆ ಮೈನಾಸುಂದರಿಯದು. ಉಜ್ಜಯಿನಿಯ ರಾಜಕುಮಾರಿಯನ್ನು ತಂದೆಯು ಸಿಟ್ಟಿನಿಂದ ಕುಷ್ಠರೋಗಿಯಾದ ಶ್ರೀಪಾಲನಿಗೆ ಕೊಟ್ಟನು. ಸಿದ್ಧಚಕ್ರದ ಆರಾಧನೆಯಿಂದ ರೋಗ ಹೋಯಿತು ಎಂಬ ಭಾಗವೇ ಎಲ್ಲರ ನೆನಪಿನಲ್ಲಿ ಉಳಿದಿದೆ. ಆದರೆ ರೋಗ ಹೋಗುವ ಮೊದಲೇ ಆಕೆ ಅವನನ್ನು ಪತಿಯೆಂದು ಗೌರವಿಸಿದ್ದಳು ಎಂಬುದನ್ನು ಮರೆಯಬಾರದು. ಲೋಕವು ಮೆಚ್ಚಿದ ಮೇಲೆ ಗೌರವಿಸುವುದು ಸುಲಭ. ಲೋಕವು ಮೂಗು ಮುರಿಯುತ್ತಿರುವಾಗ ಪಕ್ಕದಲ್ಲಿ ನಿಲ್ಲುವುದೇ ದಾಂಪತ್ಯ.

ಇಷ್ಟು ಹೇಳಿದರೂ ತಿದ್ದಿಕೊಳ್ಳದ ಮಿತ್ರನಿದ್ದರೆ? ತತ್ತ್ವಾರ್ಥಸೂತ್ರವು ನಾಲ್ಕು ಭಾವನೆಗಳನ್ನು ಹೇಳಿದೆ: ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ದುಃಖಿಗಳಲ್ಲಿ ಕಾರುಣ್ಯ, ತಿದ್ದಲಾಗದವರಲ್ಲಿ ಮಾಧ್ಯಸ್ಥ್ಯ. ಮಾಧ್ಯಸ್ಥ್ಯವೆಂದರೆ ರಾಗವೂ ಇಲ್ಲ, ದ್ವೇಷವೂ ಇಲ್ಲ. ಅಂಥವನೊಡನೆ ವ್ಯಾಪಾರವಿರಲಿ, ಬಸದಿಯಲ್ಲಿ ಜಯಜಿನೇಂದ್ರವಿರಲಿ, ಅವನ ಮನೆಯ ಸಾವು-ನೋವಿಗೆ ಹೋಗುವುದಿರಲಿ. ಆದರೆ ಸಂಗಾತಿಯ ಮಾನಕ್ಕೆ ಬೆಲೆಯಿಲ್ಲದ ಕೂಟಕ್ಕೆ ಹೋಗಿ ಕೂಡುವುದು ಬೇಡ. ಸ್ನೇಹವನ್ನು ಕಡಿದು ಹಾಕಬೇಕಾಗಿಲ್ಲ, ಅದರ ಅಂಗಳವನ್ನು ಚಿಕ್ಕದು ಮಾಡಿದರೆ ಸಾಕು.

ಕೊನೆಯದಾಗಿ ಕ್ಷಮೆಯ ವಿಚಾರ. ದಶಲಕ್ಷಣ ಪರ್ವದ ಬಳಿಕ ಕ್ಷಮಾವಣಿ ಬರುತ್ತದೆ, ಶ್ವೇತಾಂಬರ ಬಂಧುಗಳಿಗೆ ಸಂವತ್ಸರಿ ಬರುತ್ತದೆ. ಅಂದು ಮಿತ್ರನು ಬಂದು ಕೈ ಮುಗಿದು ಕ್ಷಮೆ ಕೇಳುತ್ತಾನೆ, ಗಂಡನು ಅಪ್ಪಿಕೊಂಡು ಕ್ಷಮಿಸುತ್ತಾನೆ. ಆದರೆ ನೋವುಂಡವಳು ಒಳಗೆ ಅಡುಗೆಮನೆಯಲ್ಲಿರುತ್ತಾಳೆ. ಒಬ್ಬರ ಬಾಕಿಯನ್ನು ಇನ್ನೊಬ್ಬರು ಮನ್ನಾ ಮಾಡಲು ಬರುವುದಿಲ್ಲ. ಆಕೆಗೆ ಬರಬೇಕಾದ ಕ್ಷಮಾಯಾಚನೆಯನ್ನು ಗಂಡನು ಪಡೆದುಕೊಂಡರೆ ಆ ಲೆಕ್ಕವು ಮುಗಿಯುವುದಿಲ್ಲ. ಆದುದರಿಂದ ಗೃಹಸ್ಥನು ಆ ದಿನ ಮಿತ್ರನನ್ನು ಒಳಗೆ ಕರೆದು, "ವೈನಿಯವರು ಅಲ್ಲಿದ್ದಾರೆ, ಮೊದಲು ಅವರಲ್ಲಿ ಕೇಳು" ಎನ್ನಬೇಕು. ಅದಕ್ಕೂ ಮುನ್ನ, ಮಿತ್ರರೊಡನೆ ತಾನೂ ನಕ್ಕ ದಿನಗಳು ನೆನಪಿದ್ದರೆ, ಬೆಳಗಿನ ಪೂಜೆಗೆ ಹೊರಡುವ ಮೊದಲು ಆ ಮಾತನ್ನು ತಾನೇ ಆಕೆಯ ಮುಂದೆ ಆಡಿ ಮುಗಿಸಬೇಕು.