ಬಿಲ್ ಕೊಟ್ಟೆ, ಋಣ ತೀರಿತಾ?

ಟೋಕಿಯೋದ ಬಹಳಷ್ಟು ರಾಮೆನ್ ಅಂಗಡಿಗಳಲ್ಲಿ ದುಡ್ಡು ಮೊದಲು, ಊಟ ಆಮೇಲೆ. ಬಾಗಿಲ ಪಕ್ಕ ಒಂದು ಮಷೀನ್ ಇರುತ್ತೆ. ನೋಟು ತೂರಿಸಿ ಗುಂಡಿ ಒತ್ತಿದರೆ ಚಿಕ್ಕದೊಂದು ಚೀಟಿ ಬರುತ್ತೆ. ಅದನ್ನು ಕೌಂಟರ್ ಮೇಲಿಟ್ಟು ಕೂತರೆ ಆಯ್ತು, ನಮ್ಮ ದರ್ಶಿನಿಯಲ್ಲಿ ಟೋಕನ್ ತಗೊಂಡ ಹಾಗೇ. ವ್ಯವಹಾರ ಅಲ್ಲಿಗೆ ಮುಗಿಯಿತು. ಯಾರೂ ಯಾರಿಗೂ ಇನ್ನೇನೂ ಕೊಡಬೇಕಾಗಿಲ್ಲ.

ಆದರೆ ಅಲ್ಲೇ ಒಂದರ್ಧ ಗಂಟೆ ಕೂತು ನೋಡಿ. ಬಟ್ಟಲು ಬಂದ ಕೂಡಲೇ ಪಕ್ಕದ ಸೀಟಿನವರು ಕೈ ಜೋಡಿಸಿ, ತುಟಿಯಲ್ಲೇ 'ಇತಾದಕಿಮಾಸ್' ಅಂತಾರೆ. ತಿಂದಾದ ಮೇಲೆ ಖಾಲಿ ಬಟ್ಟಲನ್ನು ತಾವೇ ಎತ್ತಿ ಕೌಂಟರಿನ ಮೇಲಿನ ಅಂಚಿಗಿಡುತ್ತಾರೆ, ಚೆಲ್ಲಿದ್ದನ್ನು ಒರೆಸುತ್ತಾರೆ, ಹೊರಡುವಾಗ 'ಗೊಚಿಸೋಸಮ' ಅಂತ ಅಡುಗೆಯವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ ಹೋಗುತ್ತಾರೆ. ಬರೀ ದುಡ್ಡಿನ ಲೆಕ್ಕದಲ್ಲಿ ನೋಡಿದರೆ ಇದೆಲ್ಲ ಹೆಚ್ಚುವರಿ. ಲೆಕ್ಕ ಆಗಲೇ ಚುಕ್ತಾ ಆಗಿದೆ. ಹಾಗಾದರೆ ಇವರು ತೀರಿಸುತ್ತಿರುವುದು ಯಾವ ಬಾಕಿಯನ್ನು?

ಆ ಎರಡು ಮಾತುಗಳ ಅರ್ಥ ಸ್ವಲ್ಪ ಬಿಡಿಸಿ ನೋಡೋಣ. 'ಇತಾದಕಿಮಾಸ್' ಅಂದರೆ ತಲೆಬಾಗಿ ಪಡೆಯುತ್ತಿದ್ದೇನೆ ಅಂತ. 'ಗೊಚಿಸೋ' ಅನ್ನುವುದರ ಒಳಗಿರುವ ಅಕ್ಷರಗಳ ಮೂಲ ಅರ್ಥ ಓಡಾಟ. ಅತಿಥಿಗೆ ಉಣಿಸಲು ಯಾರೋ ಅಲ್ಲಿ ಇಲ್ಲಿ ಓಡಾಡಿ ಸಾಮಾನು ಹೊಂದಿಸಿದ್ದಾರಲ್ಲ, ಆ ಓಡಾಟ. ಊಟ ಮುಗಿಸಿ ಅವರು ಹೇಳುತ್ತಿರುವುದು 'ನನಗಾಗಿ ಓಡಾಡಿದ್ದೀರಿ' ಅಂತ. ನಮ್ಮಲ್ಲಿ ಪಂಕ್ತಿಯಿಂದ ಏಳುವಾಗ ಹಿರಿಯರು 'ಅನ್ನದಾತಾ ಸುಖೀಭವ' ಅನ್ನುವುದಿಲ್ಲವೇ, ಅದರ ನೆಂಟ ಇದು. ಬಹಳ ಜನ ಯೋಚಿಸದೆ, ರೂಢಿಯಿಂದ ಹೇಳುತ್ತಾರೆ ಅನ್ನೋದೂ ನಿಜವೇ. ಆದರೆ ಒಂದು ಸಮಾಜದ ರೂಢಿ ಏನನ್ನು ಮರೆಯಬಾರದು ಅಂತ ನಿರ್ಧರಿಸಿದೆ ಅನ್ನೋದನ್ನಾದರೂ ಅದು ತೋರಿಸುತ್ತೆ.

ಟೋಕಿಯೋಗೆ ಪ್ರಾಜೆಕ್ಟ್ ಮೇಲೆ ಬರುವ ನಮ್ಮಂಥವರ ಬದುಕು ನಿಮಗೆ ಗೊತ್ತಿರುವಂಥದ್ದೇ. ನಿಶಿಕಸಾಯಿ ಕಡೆ ಮನೆ, ಅಲ್ಲೇ ತೊಗರಿಬೇಳೆ ಸಿಗುವ ಅಂಗಡಿ, ವಾರವಿಡೀ ಕೆಲಸ, ಶನಿವಾರ ಬಂತೆಂದರೆ ರೈಲು ಹತ್ತಿ ಎಲ್ಲಾದರೂ ಹೋಗಿ ಏನಾದರೂ ಒಳ್ಳೆಯದು ತಿನ್ನೋದು. ಇಂಥದ್ದೇ ಒಂದು ಸುತ್ತಾಟದಲ್ಲಿ ಈ ಬಟ್ಟಲು ಎತ್ತಿಡುವ ವಿಷಯ ಬಂದಾಗ ಗೆಳೆಯನೊಬ್ಬ ಕೇಳಿದ: "ದುಡ್ಡು ಕೊಟ್ಟಿದ್ದೀನಲ್ಲ ಗುರು, ಇನ್ನೇನು ಕಾಲಿಗೆ ಬೀಳಬೇಕಾ?"

ನಕ್ಕು ಬಿಟ್ಟುಬಿಡುವ ಪ್ರಶ್ನೆ ಅಲ್ಲ ಅದು. ಅವನ ಪರವಾಗಿ ಮೊದಲು ವಾದ ಮಾಡಬೇಕು, ಯಾಕೆಂದರೆ ಅವನ ಮಾತಿನಲ್ಲಿ ದೊಡ್ಡ ಸತ್ಯ ಇದೆ. ದುಡ್ಡು ಕೊಟ್ಟು ತಿನ್ನುವುದು ಮನುಷ್ಯನಿಗೆ ಒಂದು ಬಿಡುಗಡೆ. ನಮ್ಮ ಊರುಗಳಲ್ಲಿ ಯಾರು ಯಾರ ಮನೆಯಲ್ಲಿ ಉಣ್ಣಬಹುದು, ಒಳಗೆ ಕೂರಬೇಕಾ ಹೊರಗೆ ಕೂರಬೇಕಾ, ಯಾರ ಎಲೆಗೆ ಮೊದಲು ಬಡಿಸಬೇಕು ಅನ್ನೋದನ್ನೆಲ್ಲ ಜಾತಿ ತೀರ್ಮಾನಿಸುತ್ತಿತ್ತು, ಕೆಲವು ಕಡೆ ಈಗಲೂ ತೀರ್ಮಾನಿಸುತ್ತೆ. ದೊಡ್ಡವರ ಮನೆಯಲ್ಲಿ ಉಂಡವನು ಅದನ್ನು ಜನ್ಮವಿಡೀ ಕೇಳಬೇಕಿತ್ತು. ರಾಮೆನ್ ಅಂಗಡಿಯ ಮಷೀನಿಗೆ ನನ್ನ ಹೆಸರು ಬೇಡ, ಕುಲ ಬೇಡ, ಭಾಷೆಯೂ ಬೇಡ. ಸಾವಿರ ಯೆನ್ ಹಾಕಿದವರೆಲ್ಲ ಅದರ ಮುಂದೆ ಒಂದೇ. ಪರದೇಶದಲ್ಲಿ ಒಬ್ಬಂಟಿಯಾಗಿ ಇರುವವನಿಗೆ ಈ ಸಮಾನತೆ ಸಣ್ಣದಲ್ಲ.

ಆದರೆ ಕನ್ನಡದಲ್ಲಿ ಇದಕ್ಕೆ ಎರಡು ಬೇರೆ ಪದ ಇವೆ, ನನ್ನ ಗೆಳೆಯ ಎರಡನ್ನೂ ಒಂದೇ ಮಾಡಿಕೊಂಡಿದ್ದ. ಒಂದು ಹಂಗು, ಇನ್ನೊಂದು ಋಣ. ಹಂಗು ನಿಮ್ಮನ್ನು ಕುಗ್ಗಿಸುತ್ತೆ. ಕೊಟ್ಟವನು ಮೇಲೆ, ತಗೊಂಡವನು ಕೆಳಗೆ. 'ಯಾರ ಹಂಗೂ ಬೇಡ' ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದ್ದೇ. ಋಣದ ಮಾತು ಬೇರೆ. 'ಈ ಊರಿನ ಅನ್ನದ ಋಣ ಇತ್ತು' ಅನ್ನುವಾಗ ಯಾರೂ ಕುಗ್ಗುವುದಿಲ್ಲ. ಅದು ನಮ್ಮನ್ನು ಇನ್ನೊಬ್ಬರ ಜೊತೆ ಕಟ್ಟುವ ಎಳೆ, ಅಷ್ಟೇ. ದುಡ್ಡು ಹಂಗನ್ನು ಹರಿಯುತ್ತೆ, ಹರಿಯಲೇಬೇಕು. ಋಣ ಅದರ ಕೈಗೆ ಸಿಗುವುದಿಲ್ಲ.

ಯಾಕೆ ಸಿಗುವುದಿಲ್ಲ ಅನ್ನೋದಕ್ಕೆ ಜಪಾನಿ ಅಡುಗೆಯೇ ಒಂದು ಉದಾಹರಣೆ ಕೊಡುತ್ತೆ. ಅಲ್ಲಿನ ಅಡುಗೆಗೆಲ್ಲ ತಳಪಾಯ 'ದಾಶಿ' ಅನ್ನುವ ಸಾರಿನ ನೀರು. ಅದರಲ್ಲಿ ಸಾಮಾನ್ಯವಾಗಿ ಇರುವುದು ಕೊಂಬು ಅನ್ನುವ ಕಡಲ ಸೊಪ್ಪು ಮತ್ತು ಕತ್ಸುಒಬುಶಿ. ಟ್ಯೂನಾ ಜಾತಿಯ ಒಂದು ಮೀನನ್ನು ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಒಣಗಿಸಿ, ಆಮೇಲೆ ತೆಳ್ಳಗೆ ಹೆರೆದದ್ದು ಅದು. ಸಸ್ಯಾಹಾರಿ ಗೆಳೆಯರಿಗೆ ಇದೇ ದೊಡ್ಡ ತಲೆನೋವು. ಮೀನಿನ ತುಂಡು ಕಾಣದ ಸೋಬಾ ಸಾರಿನಲ್ಲೂ ಮೀನು ಇರುತ್ತೆ. ಈಗ ನಾವು ಕೊಟ್ಟ ಸಾವಿರ ಯೆನ್ ಎಲ್ಲಿಗೆ ಹೋಯ್ತು ನೋಡಿ. ಅಂಗಡಿಯ ಬಾಡಿಗೆಗೆ ಹೋಯ್ತು, ಅಡುಗೆಯವರಿಗೆ, ಮಾರುಕಟ್ಟೆಗೆ, ದೋಣಿಯವರಿಗೆ ಹೋಯ್ತು. ಮೀನಿಗೆ ಹೋಗಲಿಲ್ಲ. ನಮ್ಮ ಊಟಕ್ಕೆ ಎಲ್ಲರಿಗಿಂತ ಹೆಚ್ಚು ಕೊಟ್ಟವರಿಗೆ ಒಂದು ಕಾಸೂ ತಲುಪಿಸುವ ದಾರಿಯೇ ಇಲ್ಲ.

ತ್ಸುಕಿಜಿಯ ಹಳೆಯ ಮೀನು ಮಾರುಕಟ್ಟೆ 2018ರಲ್ಲಿ ತೊಯೊಸುಗೆ ಹೋಯಿತು. ಆದರೆ ಅದರ ಪಕ್ಕದ ನಾಮಿಯೊಕೆ ಗುಡಿ ಅಲ್ಲೇ ಇದೆ. ಆ ಗುಡಿಯ ಅಂಗಳದಲ್ಲಿ ಸುಶಿಗೊಂದು ಸ್ಮಾರಕದ ಕಲ್ಲು, ಸೀಗಡಿಗೊಂದು, ಕೋಳಿಮೊಟ್ಟೆಗೂ ಒಂದು. ಮೊದಲು ನೋಡಿದಾಗ ನಗು ಬರಬಹುದು. ಕಲ್ಲು ನೆಟ್ಟರೆ ಸತ್ತ ಸೀಗಡಿಗೆ ಏನು ಸಿಕ್ಕಿತು? ಏನೂ ಇಲ್ಲ. ಅದು ನಮಗಾಗಿ ನೆಟ್ಟ ಕಲ್ಲು. ತೀರಿಸಲಾಗದ ಸಾಲ ಒಂದಿದೆ ಅಂತ ನೆನಪಿಟ್ಟುಕೊಳ್ಳಲು ಮೀನಿನ ವ್ಯಾಪಾರದಲ್ಲಿ ಬದುಕಿದವರು ಮಾಡಿಕೊಂಡ ಏರ್ಪಾಡು. ಸಸ್ಯಾಹಾರಿಗಳು ಇದು ನಮಗೆ ಅನ್ವಯಿಸಲ್ಲ ಅಂತ ನಿರಾಳವಾಗಬೇಕಿಲ್ಲ. ಕೆಸರುಗದ್ದೆಯಲ್ಲಿ ಬಗ್ಗಿದವರ ಬೆನ್ನುನೋವು ಅಕ್ಕಿಯ ದರದಲ್ಲಿ ಪೂರ್ತಿ ಸೇರಿರುವುದಿಲ್ಲ.

ಸರಿ, ಮೀನಿನ ಮಾತಾಯಿತು. ಅಡುಗೆ ಮಾಡಿದವರಿಗೆ ಸಂಬಳ ಇದೆಯಲ್ಲ, ಅಲ್ಲಾದರೂ ಲೆಕ್ಕ ಮುಗಿಯಬೇಡವೇ? ಇಲ್ಲಿ ಜಪಾನಿನ ಝೆನ್ ಗುರು ದೋಗೆನ್ ನೆನಪಾಗುತ್ತಾನೆ. ಅವನು 1223ರಲ್ಲಿ ಧರ್ಮ ಕಲಿಯಲು ಚೀನಾಕ್ಕೆ ಹೋದ. ಬಂದರಿನಲ್ಲಿ ಹಡಗು ನಿಂತಿದ್ದಾಗ ಅರವತ್ತು ದಾಟಿದ ಸನ್ಯಾಸಿಯೊಬ್ಬ ಅಣಬೆ ಕೊಳ್ಳಲು ಬಂದ, ಒಂದು ಮಠದ ಅಡುಗೆಯ ಮುಖ್ಯಸ್ಥ ಅವನು. ಈ ರಾತ್ರಿ ಇಲ್ಲೇ ಉಳಿಯಿರಿ, ಮಾತಾಡೋಣ ಅಂತ ದೋಗೆನ್ ಕರೆದ. ಆಗಲ್ಲಪ್ಪ, ನಾಳೆಯ ಅಡುಗೆ ನಾನೇ ನೋಡಿಕೊಳ್ಳಬೇಕು ಅಂದ ಮುದುಕ. ಈ ವಯಸ್ಸಿನಲ್ಲಿ ಧ್ಯಾನ, ಓದು ಬಿಟ್ಟು ಅಡುಗೆಯ ಗೊಡವೆ ಯಾಕೆ ಅಂತ ದೋಗೆನ್ ಕೇಳಿದ್ದಕ್ಕೆ ಅವನು ನಕ್ಕುಬಿಟ್ಟ. ಸಾಧನೆ ಅಂದರೇನು ಅಂತ ಈ ಹುಡುಗನಿಗೆ ಇನ್ನೂ ಗೊತ್ತಾಗಿಲ್ಲ ಅಂತ ಆ ನಗುವಿನ ಅರ್ಥ. 1237ರಲ್ಲಿ ದೋಗೆನ್ ಮಠದ ಅಡುಗೆಯವನ ಕರ್ತವ್ಯದ ಬಗ್ಗೆಯೇ ಒಂದು ಪುಸ್ತಕ ಬರೆದ, ಈ ಪ್ರಸಂಗವನ್ನು ಅದರಲ್ಲಿ ಸೇರಿಸಿದ. ಕಾಯಕದ ಮಾತು ಕೇಳಿ ಬೆಳೆದ ನಮಗೆ ಇದು ಹೊಸತೇನಲ್ಲ. ಮೈಮುರಿದು, ಮನಸ್ಸಿಟ್ಟು ಮಾಡಿದ ಕೆಲಸಕ್ಕೆ ಕೂಲಿ ಕೊಡಬಹುದು, ಕೊಡಲೇಬೇಕು. ಆ 'ಮನಸ್ಸಿಟ್ಟು' ಅನ್ನುವುದಕ್ಕೆ ದರಪಟ್ಟಿ ಇಲ್ಲ.

ಝೆನ್ ಮಠಗಳಲ್ಲಿ ಊಟಕ್ಕೆ ಮೊದಲು ಐದು ವಿಷಯ ನೆನೆಯುವ ಪದ್ಧತಿ ಇದೆ. ಮೊದಲನೆಯದು, ಈ ಅನ್ನದ ಹಿಂದೆ ಎಷ್ಟು ಶ್ರಮ ಇದೆ, ಇದು ಎಲ್ಲಿಂದ ಬಂತು ಅಂತ. ಎರಡನೆಯದು ಸ್ವಲ್ಪ ಚುಚ್ಚುತ್ತೆ: ಇದನ್ನು ಪಡೆಯುವ ಹಾಗೆ ನಾನು ನಡೆದುಕೊಂಡಿದ್ದೇನಾ? ಗಮನಿಸಿ, ನಾನು ಇದಕ್ಕೆ ದುಡ್ಡು ಕೊಟ್ಟಿದ್ದೇನಾ ಅನ್ನೋದು ಆ ಐದರಲ್ಲಿ ಇಲ್ಲ.

ಹಾಗಾದರೆ ಬಾಕಿಯನ್ನು ಏನು ಕೊಟ್ಟು ತೀರಿಸೋದು? ಟಿಪ್ಸ್ ಇಟ್ಟು ಮನಸ್ಸು ಹಗುರ ಮಾಡಿಕೊಳ್ಳುವ ದಾರಿಯೂ ಜಪಾನಿನಲ್ಲಿ ಇಲ್ಲ, ಮರೆತು ಹೋದಿರಿ ಅಂತ ಹಿಂದೆಯೇ ಬಂದು ವಾಪಸ್ ಕೊಟ್ಟಾರು. ಉಳಿಯುವುದು ನಡವಳಿಕೆ ಒಂದೇ. ವೀಕೆಂಡ್ ಸುತ್ತಾಟಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಶಿಂಜುಕುವಿನಿಂದ ಸುಮಾರು ಐವತ್ತು ನಿಮಿಷ ರೈಲಿನಲ್ಲಿ ಹೋದರೆ ತಕಾವೊ ಬೆಟ್ಟ. ಎತ್ತರ 599 ಮೀಟರ್. ಕೆಳಗೆ ಸೋಬಾ ಅಂಗಡಿಗಳು, ಮೇಲೆ ಯಾಕುಓಯಿನ್ ಅನ್ನುವ ಹಳೆಯ ಬೌದ್ಧ ದೇವಾಲಯ, ಮೊದಲೇ ಹೇಳಿಟ್ಟರೆ ಅಲ್ಲಿ ಮೀನು ಮಾಂಸ ಇಲ್ಲದ ಶೋಜಿನ್ ಊಟ. ಬೆಟ್ಟ ಹತ್ತಲು ಟಿಕೆಟ್ ಇಲ್ಲ. ನೀವು ತಂದ ಕಸ ನಿಮ್ಮ ಚೀಲದಲ್ಲೇ ವಾಪಸ್ ಇಳಿಯಬೇಕು, ಅದೇ ಅಲ್ಲಿನ ಶುಲ್ಕ ಅಂದುಕೊಳ್ಳಿ.

ಕಾಮಾಕುರಾದ ಕಥೆ ಇನ್ನೂ ಸೂಕ್ಷ್ಮ. ಸಮುದ್ರ, ಕಂಚಿನ ದೊಡ್ಡ ಬುದ್ಧ, 1253ರ ಕೆಂಚೋಜಿ ಮಠ, ಆ ಮಠದ ಅಡುಗೆಮನೆಯಲ್ಲೇ ಹುಟ್ಟಿತು ಅಂತ ಹೇಳುವ ಕೆಂಚಿನ್ ತರಕಾರಿ ಸಾರು, ಎಲ್ಲ ಟೋಕಿಯೋದಿಂದ ಒಂದು ಗಂಟೆಯ ದೂರದಲ್ಲಿ. ಶನಿವಾರ ಬಂದರೆ ಕಾಲಿಡಲು ಜಾಗ ಇರಲ್ಲ. ಜನ ಕಿಕ್ಕಿರಿದ ಸಣ್ಣ ಬೀದಿಗಳಲ್ಲಿ ನಡೆಯುತ್ತಾ ತಿಂದು ಬೇರೆಯವರ ಬಟ್ಟೆ ಕೊಳೆ ಮಾಡಬೇಡಿ ಅಂತ 2019ರಲ್ಲಿ ಆ ನಗರ ಒಂದು ನಿಯಮ ತಂದಿತು. ದಂಡ ಇಲ್ಲ, ಶಿಕ್ಷೆ ಇಲ್ಲ. ನಮ್ಮ ಕಡೆಯವರಿಗೆ ತಮಾಷೆ ಅನ್ನಿಸುತ್ತೆ, ದಂಡ ಇಲ್ಲದ ಮೇಲೆ ಅದೆಂಥ ಕಾನೂನು ಅಂತ. ಆದರೆ ದಂಡ ಇದ್ದಿದ್ದರೆ ಅದೂ ಒಂದು ಬಿಲ್ ಆಗುತ್ತಿತ್ತು. ಕಟ್ಟಿದೆ, ಮುಗೀತು ಅನ್ನಬಹುದಿತ್ತು. ದಂಡ ಇಲ್ಲದ ನಿಯಮ ನಿಮ್ಮನ್ನು ಗಿರಾಕಿ ಅಂತ ನೋಡುವುದಿಲ್ಲ, ಇನ್ನೊಬ್ಬರ ಊರಿಗೆ ಬಂದ ಮನುಷ್ಯ ಅಂತ ನೋಡುತ್ತೆ.

ಇದಕ್ಕೆ ಎದುರಾದ ಉದಾಹರಣೆಯೂ ಕೇಳಿ. ನಮ್ಮ ಪರಿಚಯದವರೊಬ್ಬರು ಶನಿವಾರ ರಾತ್ರಿಗೆ ಮೂರು ಕಡೆ ಸೀಟು ಕಾದಿರಿಸಿ, ಆ ಹೊತ್ತಿಗೆ ಮನಸ್ಸು ಬಂದ ಕಡೆ ಹೋಗುತ್ತಿದ್ದರು. ಎರಡನ್ನು ರದ್ದು ಮಾಡುವ ಗೋಜಿಗೂ ಹೋಗುತ್ತಿರಲಿಲ್ಲ. "ನಾನು ತಿಂದಿಲ್ಲ, ಹಾಗಾಗಿ ಏನೂ ಕೊಡಬೇಕಾಗಿಲ್ಲ" ಅನ್ನೋದು ಅವರ ತರ್ಕ. ದುಡ್ಡಿನ ಭಾಷೆಯಲ್ಲಿ ಇದಕ್ಕೆ ಉತ್ತರ ಹೇಳೋದು ಕಷ್ಟ. ಆದರೆ ಎಂಟೇ ಸೀಟಿನ ಅಂಗಡಿಯಲ್ಲಿ ಒಬ್ಬಾತ ಬೆಳಗ್ಗೆ ಮಾರುಕಟ್ಟೆಗೆ ಹೋಗಿ ಎಂಟು ಜನರ ಲೆಕ್ಕಕ್ಕೆ ಮೀನು ತಂದು, ಹೆಚ್ಚಿ, ಅನ್ನ ಹದ ಮಾಡಿ ಬಾಗಿಲು ನೋಡುತ್ತಾ ನಿಂತಿರುತ್ತಾನೆ. ಅವನು ನಿಮಗಾಗಿ ಓಡಾಡಿದ್ದಾನೆ. ತಿನ್ನದೆಯೂ ಋಣ ಹತ್ತುತ್ತೆ.

ಇಲ್ಲಿ ಒಂದು ಅಪಾಯವೂ ಇದೆ, ಅದನ್ನು ಹೇಳದಿದ್ದರೆ ಮಾತು ಅರ್ಧ ಆಗುತ್ತೆ. ಋಣ, ಸೇವೆ, ಭಕ್ತಿ ಅಂತೆಲ್ಲ ಹೇಳಿ ದುಡಿಯುವವರ ಕೂಲಿ ಕಡಿಮೆ ಮಾಡುವವರು ಎಲ್ಲ ದೇಶದಲ್ಲೂ ಇದ್ದಾರೆ. ಜಪಾನಿನಲ್ಲಿ 'ಗಿರಾಕಿಯೇ ದೇವರು' ಅನ್ನುವ ಮಾತು ಬಹಳ ಪ್ರಸಿದ್ಧ. 1960ರ ದಶಕದಲ್ಲಿ ಅದನ್ನು ಹಬ್ಬಿಸಿದ್ದು ಗಾಯಕ ಮಿನಾಮಿ ಹರುವೊ. ಅವನ ಅರ್ಥ ಬೇರೆ ಇತ್ತು. ದೇವರ ಮುಂದೆ ನಿಂತ ಹಾಗೆ ಮನಸ್ಸು ಶುದ್ಧ ಮಾಡಿಕೊಂಡು ಪ್ರೇಕ್ಷಕರ ಮುಂದೆ ಹಾಡಬೇಕು ಅಂತ ತನಗೆ ತಾನೇ ಹೇಳಿಕೊಂಡ ಮಾತದು. ಗಿರಾಕಿಗಳು ಅದನ್ನು ಕಿತ್ತುಕೊಂಡು, ನಾನು ದೇವರು, ನೀನು ಕೈ ಕಟ್ಟಿ ನಿಲ್ಲು ಅಂದರು. ಕೊನೆಗೆ ಗಿರಾಕಿಗಳ ಕಿರುಕುಳ ತಡೆಯಲೆಂದೇ ಟೋಕಿಯೋ ಒಂದು ಕಾಯ್ದೆ ಮಾಡಬೇಕಾಯಿತು. 2025ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ನಮ್ಮ 'ಅತಿಥಿ ದೇವೋ ಭವ' ಕೂಡ ಮನೆಯವನಿಗೆ ಹೇಳಿದ ಮಾತು, ಅತಿಥಿ ಎತ್ತಿ ತೋರಿಸುವ ಕಾರ್ಡ್ ಅಲ್ಲ. ಋಣದ ಮಾತನ್ನೂ ಹೀಗೇ ಇಟ್ಟುಕೊಳ್ಳಬೇಕು. ಅದನ್ನು ಪಡೆದವನು ತನಗೆ ತಾನು ಹೇಳಿಕೊಳ್ಳಬೇಕೇ ಹೊರತು ಕೊಟ್ಟವನು ಜ್ಞಾಪಿಸಬಾರದು, ಸಂಬಳ ಕೊಡುವ ಮಾಲೀಕನಂತೂ ಬಾಯಿಬಿಡಲೇಬಾರದು. ಕೊಟ್ಟವನು ಜ್ಞಾಪಿಸಿದ ಕ್ಷಣ ಋಣ ಮತ್ತೆ ಹಂಗಾಗುತ್ತೆ.

ಗೆಳೆಯನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಕಾಲಿಗೆ ಬೀಳಬೇಕಾಗಿಲ್ಲ, ನೆಟ್ಟಗೆ ನಿಂತುಕೊಂಡೇ ನೆನೆಯಬಹುದು. ನಮ್ಮ ಶನಿವಾರ ಅನ್ನೋದು ಇನ್ನೊಬ್ಬರ ಕೆಲಸದ ದಿನ. ರೈಲು ನಡೆಸುವವರು, ಸಾರು ಕಾಯಿಸುವವರು, ಬೆಟ್ಟದ ದಾರಿ ಗುಡಿಸುವವರು ರಜೆ ಹಾಕಿದರೆ ನಮ್ಮ ರಜೆಯೇ ಇಲ್ಲ. ಇದನ್ನು ತಿಳಿಯಲು ಟೋಕಿಯೋಗೆ ಬರಬೇಕಾಗಿಯೂ ಇಲ್ಲ. ಬೆಂಗಳೂರಿನ ದರ್ಶಿನಿಯಲ್ಲಿ ನಾವು ಇಡ್ಲಿ ತಿಂದು ಬಿಟ್ಟ ತಟ್ಟೆಯನ್ನು ಎತ್ತಲು ಒಬ್ಬರು ನೀಲಿ ಟಬ್ ಹಿಡಿದು ಓಡಾಡುತ್ತಿರುತ್ತಾರೆ. ಮಳೆಯಲ್ಲಿ ನೆನೆದುಕೊಂಡು ಬಿಸಿ ಪಾರ್ಸೆಲ್ ತಂದುಕೊಡುವ ಹುಡುಗ ಇರುತ್ತಾನೆ. ಮುಂದಿನ ಸಲ ಆ ತಟ್ಟೆಯನ್ನು ನೀವೇ ಟಬ್ಬಿಗೆ ಹಾಕಿ ನೋಡಿ, ಬಾಗಿಲು ತೆರೆದಾಗ ಫೋನ್ ಕೆಳಗಿಳಿಸಿ ಆ ಹುಡುಗನ ಮುಖ ನೋಡಿ ಎರಡು ಮಾತಾಡಿ. ಋಣ ಅದರಿಂದಲೂ ತೀರಲ್ಲ. ಆದರೆ ಇದೆ ಅಂತ ಒಪ್ಪಿಕೊಂಡ ಹಾಗಾಗುತ್ತೆ.