ಸಂಕಲ್ಪದ ನೆಲ

ಈ ವರ್ಷ ನಮ್ಮ ತಂದೆಯವರ ಶ್ರಾದ್ಧದ ದಿನ ಒಂದು ಸಣ್ಣ ಸಂಗತಿ ನಡೆಯಿತು. ಬೆರಳಿಗೆ ದರ್ಭೆಯ ಪವಿತ್ರವನ್ನು ಧರಿಸಿ, ಪುರೋಹಿತ ಭಟ್ಟರು ನುಡಿದ ಸಂಕಲ್ಪವನ್ನು ಒಂದೊಂದೇ ಪದವಾಗಿ ಹೇಳಿಕೊಳ್ಳುತ್ತಿದ್ದ ನಮ್ಮಣ್ಣ, ಕಲ್ಪ ಮನ್ವಂತರ ಯುಗಗಳನ್ನು ದಾಟಿ, ಜಂಬೂದ್ವೀಪ ಭರತಖಂಡಗಳನ್ನೂ ದಾಟಿ, ನಮ್ಮ ಕರಾವಳಿಗೆ ಸಲ್ಲುವ ಪರಶುರಾಮಕ್ಷೇತ್ರವೆಂಬ ಪದಕ್ಕೆ ಬಂದಾಗ ತಟಕ್ಕನೆ ನಿಂತುಬಿಟ್ಟ. ಮರೆವೆಂದು ಭಾವಿಸಿ ಭಟ್ಟರು ಆ ಪದವನ್ನು ಮತ್ತೊಮ್ಮೆ ಹೇಳಿದರು. ಅಣ್ಣನೂ ಹೇಳಿದ, ಆದರೆ ಸ್ವರ ಗದ್ಗದವಾಗಿತ್ತು. ಅವನು 1993ರಿಂದ 31 ವರ್ಷ ದುಬೈಯಲ್ಲಿ ಲೆಕ್ಕಪತ್ರದ ಕೆಲಸ ಮಾಡಿ, ಕಳೆದ ವರ್ಷವಷ್ಟೇ ಉಡುಪಿಯ ಸಮೀಪದ ನಮ್ಮ ಊರಿಗೆ ಹಿಂದಿರುಗಿದವನು. ಅವನ ಬಲಕ್ಕೆ ಕುಳಿತಿದ್ದವನು ನಮ್ಮ ತಮ್ಮ, 2009ರಿಂದ ನ್ಯೂಜೆರ್ಸಿಯಲ್ಲಿರುವವನು. ನಡುವಿನವನಾದ ನಾನು ಎಲ್ಲಿಗೂ ಹೋದವನಲ್ಲ.

ಸಂಕಲ್ಪವನ್ನು ನಾವು ಪೂಜೆಯ ಪೀಠಿಕೆಯೆಂದು ಬಗೆದು ಬೇಗಬೇಗನೆ ಮುಗಿಸುತ್ತೇವಾದರೂ ಅದರ ಅಭಿಪ್ರಾಯ ಗಂಭೀರವಾದುದು. ಕರ್ಮಕ್ಕೆ ತೊಡಗುವವನು ತಾನು ಯಾರು, ಯಾವ ಕಾಲದಲ್ಲಿರುವೆನು, ಯಾವ ನೆಲದ ಮೇಲೆ ಕುಳಿತಿರುವೆನು ಎಂಬುದನ್ನು ಮೊದಲು ಬಾಯಿಬಿಟ್ಟು ನುಡಿಯತಕ್ಕದ್ದು. ಅನಂತರವೇ ಅಂಗೈಯ ನೀರು ಕೆಳಗೆ ಬೀಳತಕ್ಕದ್ದು. ಆದುದರಿಂದ ಹೊರನಾಡಿನಲ್ಲಿರುವ ಆಸ್ತಿಕನಿಗೆ ಪ್ರತಿದಿನವೂ ಒಂದು ಪ್ರಶ್ನೆ ಎದುರಾಗುತ್ತದೆ: ನಾನು ಕುಳಿತಿರುವ ನೆಲಕ್ಕೆ ಏನೆಂದು ಹೆಸರು ಹೇಳಲಿ? ಅಮೆರಿಕದ ದೇವಾಲಯಗಳ ಅರ್ಚಕರು ಇದಕ್ಕೆ ಉತ್ತರವನ್ನು ಕಂಡುಕೊಂಡಿದ್ದಾರೆ. ಪುರಾಣದ ಭೂಗೋಳವನ್ನು ಹುಡುಕಿ, ಅಲ್ಲಿ ಕ್ರೌಂಚದ್ವೀಪ, ರಮಣಕವರ್ಷ, ಐಂದ್ರಖಂಡವೆಂದು ಹೇಳುವ ರೂಢಿಯನ್ನು ಹಾಕಿದ್ದಾರೆ. ತಮ್ಮನೂ ಹಾಗೆಯೇ ಹೇಳುತ್ತಾನೆ. ಅಣ್ಣನಿಗೆ ಇಂಥ ಉಪದೇಶವಿರಲಿಲ್ಲ. ಅಮಾವಾಸ್ಯೆಯ ಮುಂಜಾನೆ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ, ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತು ತರ್ಪಣ ಬಿಡುವಾಗ ಅವನು ಆ 31 ವರ್ಷವೂ ಪರಶುರಾಮಕ್ಷೇತ್ರವೆಂದೇ ಹೇಳುತ್ತಿದ್ದನಂತೆ.

"ಅದು ಸುಳ್ಳಾಗಲಿಲ್ಲವೇ ಅಣ್ಣ?" ಎಂದು ಸಂಜೆ ಜಗಲಿಯಲ್ಲಿ ಕುಳಿತಾಗ ತಮ್ಮ ಕೇಳಿದ.

"ಆ ನೆಲದ ಹೆಸರು ಹೇಳಿಕೊಳ್ಳಲು ನನಗೆ ಅಧಿಕಾರವನ್ನು ಯಾರು ಕೊಟ್ಟಿದ್ದರು?" ಎಂದ ಅಣ್ಣ.

ಹೊರನಾಡಿಗೆ ಹೋದವರು ಒಂದೆಡೆ ಸೇರಿದರೆ ತಂತಮ್ಮ ನಾಡುಗಳನ್ನು ತೂಗಿ ನೋಡುವುದು ಸಹಜ. ಸಂಬಳ, ತೆರಿಗೆ, ಮನೆಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ಆಸ್ಪತ್ರೆಯ ಖರ್ಚು, ಊರಿಗೆ ಬರುವ ವಿಮಾನದ ಟಿಕೆಟ್ಟು, ಇವೆಲ್ಲ ಆ ಸಂಜೆಯೂ ತಕ್ಕಡಿಗೆ ಬಂದುವು, ಹೋದುವು. ಅಣ್ಣನ ಮಾತು ಮಾತ್ರ ನನ್ನಲ್ಲಿ ಉಳಿಯಿತು. ನೆಲವೊಂದನ್ನು ತನ್ನ ಕರ್ಮದ ನೆಲವೆಂದು ಹೇಳಿಕೊಳ್ಳುವ ಅಧಿಕಾರ ಮನುಷ್ಯನಿಗೆ ಎಲ್ಲಿಂದ ಬರುತ್ತದೆ? ಹುಟ್ಟಿನಿಂದಲೇ, ರಾಜಮುದ್ರೆಯಿಂದಲೇ, ದುಡಿಮೆಯಿಂದಲೇ?

ಹೊರನಾಡಿನ ನಮ್ಮವರು ಭಾರತವು ಜನ್ಮಭೂಮಿ, ತಾವು ನೆಲೆಸಿದ ದೇಶವು ಕರ್ಮಭೂಮಿ ಎಂದು ಸಭೆಗಳಲ್ಲಿ ಹೇಳುವುದುಂಟು. ಈ ಮಾತು ಎಷ್ಟು ವಾಡಿಕೆಯಾಗಿದೆಯೆಂದರೆ, ಪುರಾಣಕಾರರು ಹೇಳಿದುದು ಇದಕ್ಕೆ ನೇರ ವಿರುದ್ಧವೆಂಬುದು ಯಾರಿಗೂ ತೋರುವುದಿಲ್ಲ. ವಿಷ್ಣುಪುರಾಣದ ಎರಡನೆಯ ಅಂಶದಲ್ಲಿ ಭಾರತವರ್ಷವೊಂದೇ ಕರ್ಮಭೂಮಿ, ಉಳಿದವು ಭೋಗಭೂಮಿಗಳು. ಆ ವರ್ಷಗಳಲ್ಲಿ ಶೋಕವಿಲ್ಲ, ಶ್ರಮವಿಲ್ಲ, ಹಸಿವಿನ ಭಯವಿಲ್ಲ. ಆದರೆ ಅಲ್ಲಿ ಹಿಂದೆ ಗಳಿಸಿದ ಪುಣ್ಯವನ್ನು ಉಣ್ಣಬಹುದಲ್ಲದೆ ಹೊಸದಾಗಿ ಏನನ್ನೂ ಮಾಡಿ ಮೇಲೇರುವಂತಿಲ್ಲ. ಸ್ವರ್ಗ, ಮೋಕ್ಷ, ಅಧೋಗತಿ ಎಲ್ಲಕ್ಕೂ ದಾರಿ ಇರುವುದು ಕಷ್ಟವಿರುವ ಈ ನೆಲದಲ್ಲಿ ಮಾತ್ರ. ಇದನ್ನು ದೇಶಾಭಿಮಾನದ ಮಾತೆಂದು ಓದುವವರು ಓದಲಿ. ನನಗೆ ಅದು ನೆಲವನ್ನು ಅಳೆಯುವ ಒಂದು ಮಾನದಂಡವಾಗಿ ಕಾಣುತ್ತದೆ. ಸುಖವೆಷ್ಟು ಎಂಬುದು ಪುರಾಣದ ಪ್ರಶ್ನೆಯಲ್ಲ. ಇಲ್ಲಿ ನಿಂತು ಮಾಡಿದುದು ಮನುಷ್ಯನ ಗತಿಯನ್ನು ಬದಲಿಸಬಲ್ಲುದೇ ಎಂಬುದೇ ಅದರ ಪ್ರಶ್ನೆ. ನಮ್ಮವರು ಕರ್ಮವೆಂಬ ಪದವನ್ನು ನೌಕರಿ ಎಂಬಷ್ಟಕ್ಕೆ ಇಳಿಸಿಕೊಂಡು ಕರ್ಮಭೂಮಿ ಎನ್ನುವಾಗ ಈ ಪ್ರಶ್ನೆ ಕಳೆದುಹೋಗುತ್ತದೆ.

ಸಮುದ್ರವನ್ನು ದಾಟಿದವನು ಪತಿತನೇ ಎಂಬ ಹಳೆಯ ವಿವಾದವನ್ನು ಇಲ್ಲಿ ಬೆಳೆಸಲಾರೆ. ಬೌಧಾಯನನು ಸಮುದ್ರಯಾನವನ್ನು ಪಾತಕಗಳ ಸಾಲಿನಲ್ಲಿಟ್ಟ. 1888ರಲ್ಲಿ ಇಂಗ್ಲೆಂಡಿಗೆ ಹೊರಟ ಗಾಂಧಿಯವರನ್ನು ಅವರ ಜಾತಿಯ ಪಂಚಾಯತಿ ಹೊರಗಿಟ್ಟಿತು. ನಮ್ಮ ಉಡುಪಿಯಲ್ಲೇ ಪುತ್ತಿಗೆ ಮಠದ ಶ್ರೀ ಸುಗುಣೇಂದ್ರತೀರ್ಥರು ವಿದೇಶಯಾತ್ರೆ ಮಾಡಿದವರೆಂದು, ಕೃಷ್ಣಪೂಜೆಯ ಸರದಿಯಾದ 2008ರ ಪರ್ಯಾಯದಲ್ಲಿ ಎಷ್ಟು ಚರ್ಚೆ ನಡೆಯಿತೆಂಬುದನ್ನು ನಾವೆಲ್ಲ ಕಂಡೆವು. ಅದು ಹೋಗಬಹುದೇ ಎಂಬ ಪ್ರಶ್ನೆಯಾಗಿತ್ತು. ಹೋದವರು ಕೋಟಿ ಕೋಟಿಯಾಗಿರುವ ಈ ಕಾಲದ ಪ್ರಶ್ನೆ, ಹೋದವನು ನಿಲ್ಲಬಲ್ಲನೇ ಎಂಬುದು.

ನಿಲ್ಲುವುದು ಎಂಬುದರ ಎರಡು ಮುಖಗಳನ್ನು 1972ನೆಯ ಇಸವಿಯೊಂದೇ ತೋರಿಸಿಕೊಟ್ಟಿತು. 1834ರ ನವೆಂಬರಿನಲ್ಲಿ ಅಟ್ಲಾಸ್ ಎಂಬ ಹಡಗು 36 ಮಂದಿ ಭಾರತೀಯ ಕೂಲಿಗಳನ್ನು ಮಾರಿಷಸ್ಸಿಗೆ ತಂದಿಳಿಸಿತು. ಅವರ ಹಿಂದೆ ಲಕ್ಷಾಂತರ ಜನ ಅದೇ ದ್ವೀಪಕ್ಕೆ ಬಂದು ಕಬ್ಬಿನ ಗದ್ದೆಗಳಲ್ಲಿ ಬೆವರು ಸುರಿಸಿದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿನ ಗುಡ್ಡದ ನಡುವಿನ ಸರೋವರವೊಂದಕ್ಕೆ 1972ರಲ್ಲಿ ಗಂಗಾಜಲವನ್ನು ತಂದು ಸುರಿದು ಅದನ್ನು ಗಂಗಾ ತಲಾವ್ ಎಂದು ಕರೆದರು; ಶಿವರಾತ್ರಿಗೆ ಊರೂರುಗಳಿಂದ ಅವರು ಕಾವಡಿ ಹೊತ್ತು ಕಾಲುನಡಿಗೆಯಲ್ಲಿ ಅಲ್ಲಿಗೆ ಬರುತ್ತಾರೆ. ನೆಲ ಅವರನ್ನು ಒಪ್ಪಿಕೊಂಡಿತು, ಅವರು ನೆಲವನ್ನು ಕ್ಷೇತ್ರವನ್ನಾಗಿ ಮಾಡಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಉಗಾಂಡದ ಇದಿ ಅಮೀನನು, ಎರಡು ಮೂರು ತಲೆಮಾರಿನಿಂದ ಅಲ್ಲಿದ್ದ ಭಾರತೀಯ ಮೂಲದವರು 90 ದಿನಗಳಲ್ಲಿ ದೇಶ ಬಿಡತಕ್ಕದ್ದೆಂದು ಆಜ್ಞೆ ಮಾಡಿದ. ಅಂಗಡಿ, ಮನೆ, ಮಂದಿರ ಎಲ್ಲವನ್ನೂ ಇದ್ದಂತೆಯೇ ಬಿಟ್ಟು ಹೊರಟವರಲ್ಲಿ ಸುಮಾರು 27,000 ಜನ ಬ್ರಿಟನ್ನನ್ನು ಸೇರಿದರು. ಕಂಪಾಲದಲ್ಲಿ ಬೆವರು ಸುರಿಸಿದವರು ಮಾರಿಷಸ್ಸಿನವರಿಗಿಂತ ಕಡಿಮೆ ದುಡಿದಿದ್ದರೆಂದು ಯಾರು ಹೇಳಿಯಾರು? ದುಡಿಮೆಯೊಂದರಿಂದಲೇ ನೆಲ ನಮ್ಮದಾಗುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಹಾಗಾದರೆ ರಾಜಮುದ್ರೆಯೇ? ತಮ್ಮನ ಮನೆಯಲ್ಲಿ ನಾಲ್ಕು ಜನರಿದ್ದಾರೆ. 2012ರಲ್ಲಿ ಅಲ್ಲೇ ಹುಟ್ಟಿದ ಮಗ, 1868ರ ಹದಿನಾಲ್ಕನೆಯ ತಿದ್ದುಪಡಿಯ ಬಲದಿಂದ, ಹುಟ್ಟಿದ ಗಳಿಗೆಯಲ್ಲೇ ಆ ದೇಶದ ಪ್ರಜೆ. ನಾಲ್ಕು ವರ್ಷದವಳಾಗಿ ಹೋದ ಮಗಳು ಇಂದಿಗೂ ತಂದೆಯ ಎಚ್-1ಬಿ ವೀಸಾದ ನೆರಳಿನಲ್ಲಿರುವವಳು. ಮುಂದಿನ ವರ್ಷ ಅವಳಿಗೆ 21 ತುಂಬಿದಾಗ ಆ ನೆರಳೂ ತಪ್ಪಿ, ತಾನು ಬೆಳೆದ ಬೀದಿಯಲ್ಲೇ ಅವಳು ವಿದೇಶಿ ವಿದ್ಯಾರ್ಥಿನಿಯೆಂದು ಹೊಸದಾಗಿ ಅರ್ಜಿ ಹಾಕಬೇಕು. ತಮ್ಮನು ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತುದು 2014ರಲ್ಲಿ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡುಗಳು, ಯಾವುದೇ ಒಂದು ದೇಶದವರಿಗೆ ಶೇಕಡಾ 7ಕ್ಕಿಂತ ಹೆಚ್ಚಿಲ್ಲ ಎಂಬ ನಿಯಮದಲ್ಲಿ, ಭಾರತದವರ ಸಾಲು ಆಮೆಯಂತೆ ಸರಿಯುತ್ತದೆ. ಒಂದೇ ಸೂರಿನಡಿ, ಒಂದೇ ಅನ್ನವನ್ನು ಉಣ್ಣುವ ಅಕ್ಕತಮ್ಮಂದಿರಾದ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ನೆಲವಿದೆ, ಒಬ್ಬರಿಗಿಲ್ಲ. ಅಣ್ಣ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದು, "ನಮ್ಮಲ್ಲಿ ಆಸೆಯನ್ನೇ ಹುಟ್ಟಿಸಲಿಲ್ಲ ಮಾರಾಯ. ಆದ್ದರಿಂದ ಕಾಯುವ ಸಂಕಟವೂ ಇರಲಿಲ್ಲ. ಕೆಲಸವಿದ್ದಷ್ಟು ದಿನ ವೀಸಾ, ಕೆಲಸ ಮುಗಿದರೆ ಟಿಕೆಟ್ಟು" ಎಂದ. ಈಚಿನ ವರ್ಷಗಳಲ್ಲಿ ಅಲ್ಲಿಯೂ ದೀರ್ಘಾವಧಿಯ ವೀಸಾಗಳು ಬಂದಿವೆಯಾದರೂ ಅವು ಅವನಂಥ ಸಾಮಾನ್ಯ ನೌಕರನ ಕೈಗೆ ಎಟುಕುವಂಥವಲ್ಲ.

ಅಷ್ಟರಲ್ಲಿ ನೆರೆಮನೆಯ ಹಾಜಿಯವರು ಬಂದರು. ಅವರು 26 ವರ್ಷ ಸೌದಿಯ ಜುಬೈಲಿನಲ್ಲಿ ವೆಲ್ಡಿಂಗ್ ಕೆಲಸ ಮಾಡಿ ಬಂದ ಬ್ಯಾರಿಗಳು. 2017ರಲ್ಲಿ ಅಲ್ಲಿನ ಸರಕಾರ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲು ಶುಲ್ಕವನ್ನು ವಿಧಿಸಿ, ಅದನ್ನು ವರ್ಷವರ್ಷವೂ ಏರಿಸತೊಡಗಿದಾಗ ಮೊದಲು ಹೆಂಡತಿ ಮಕ್ಕಳನ್ನು ಕಳುಹಿಸಿ, ಕೆಲಕಾಲದ ಮೇಲೆ ತಾವೂ ಬಂದವರು. ನಮ್ಮ ಸಂಕಲ್ಪದ ಚರ್ಚೆಯನ್ನು ಶ್ರದ್ಧೆಯಿಂದ ಕೇಳಿ ಅವರು ಹೇಳಿದ ವಿಷಯ ನನಗೆ ಹೊಸದಾಗಿತ್ತು. ಪ್ರಯಾಣಿಕನಾದವನಿಗೆ ಅವರ ಧರ್ಮದಲ್ಲಿ ರಿಯಾಯಿತಿಯುಂಟು; ನಾಲ್ಕು ರಕಾತಿನ ನಮಾಜನ್ನು ಅವನು ಎರಡಕ್ಕೆ ಇಳಿಸಬಹುದು. ಆದರೆ ಪ್ರಯಾಣಿಕನೆಂದರೆ ಯಾರು? ನಮ್ಮ ಕರಾವಳಿಯ ಬ್ಯಾರಿಗಳು ಅನುಸರಿಸುವ ಶಾಫಿ ಪಂಥದ ಪ್ರಕಾರ, ಬಂದ ದಿನ ಹೊರಡುವ ದಿನಗಳನ್ನು ಬಿಟ್ಟು, ನಾಲ್ಕು ದಿನ ನಿಲ್ಲುವೆನೆಂದು ಮನಸ್ಸಿನಲ್ಲಿ ನಿಶ್ಚಯಿಸಿದವನು ಪ್ರಯಾಣಿಕನಲ್ಲ. ಅವನು ಆ ಊರಿನವನಂತೆ ಪೂರ್ಣ ನಮಾಜು ಮಾಡಬೇಕು. "ನೋಡಿ ಮಾಷ್ಟ್ರೆ," ಎಂದರು ಹಾಜಿಯವರು, "ಇಖಾಮಾದಲ್ಲಿ, ಅಂದರೆ ಅಲ್ಲಿನ ವಾಸದ ಪರವಾನಗಿಯಲ್ಲಿ, ನಾನು 26 ವರ್ಷವೂ ಬಂದುಹೋಗುವವನೇ. ಪಡೆದವನ ಲೆಕ್ಕದಲ್ಲಿ ಬಂದ ದಿನವೇ ಊರಿನವನಾಗಿದ್ದೆ."

ಸಂಕಲ್ಪಕ್ಕೂ ಅವರು ನಿಯ್ಯತ್ತೆನ್ನುವ ಆ ನಿಶ್ಚಯಕ್ಕೂ ನಡುವಿನ ಸಾಮ್ಯವನ್ನು ನೆನೆದಾಗ ನನಗೆ ರೋಮಾಂಚವಾಯಿತು. ಎರಡು ಧರ್ಮಗಳೂ ನೆಲದ ವಿಷಯದಲ್ಲಿ ಅರಸನನ್ನು ಕೇಳುವುದಿಲ್ಲ, ನಿಂತವನನ್ನು ಕೇಳುತ್ತವೆ. ಆದರೆ ನಿಂತವನ ನಿಶ್ಚಯವೊಂದೇ ಸಾಕೇ? ದುಬೈಯ ನೆಲದ ಹೆಸರು ಹೇಳಲು ಅಣ್ಣನಿಗೆ ಬಾಯಿ ಬರದಿದ್ದುದು ನಿಶ್ಚಯವಿಲ್ಲದುದರಿಂದಲ್ಲ, ನೆಲದ ಕಡೆಯಿಂದ ಓಗೊಡುವವರಿಲ್ಲದುದರಿಂದ. ಆ ಓಗೊಡುವಿಕೆ ಯಾವ ರೂಪದಲ್ಲಿ ಬರುತ್ತದೆಂಬುದು ಅಣ್ಣ ಮತ್ತು ತಮ್ಮನ ಬಾಯಿಂದಲೇ ಆ ಸಂಜೆ ಹೊರಬಿತ್ತು.

2020ರ ಕೊರೊನಾದ ದಿನಗಳಲ್ಲಿ ದುಬೈಯ ಸೋನಾಪುರದಲ್ಲಿ, ಕೂಲಿಗಳೇ ಚಿನ್ನದ ಊರೆಂದು ಹೆಸರಿಟ್ಟ ಆ ಕಾರ್ಮಿಕರ ವಸತಿಯಲ್ಲಿ, ಕೆಲಸವಿಲ್ಲದೆ ಸಂಬಳವಿಲ್ಲದೆ ಒಂದೊಂದು ಕೋಣೆಯಲ್ಲಿ ಎಂಟು ಹತ್ತು ಜನ ಕುಳಿತಿದ್ದಾಗ, ಅಣ್ಣನೂ ಅವನ ಗೆಳೆಯರೂ ಅಕ್ಕಿ ಬೇಳೆ ಎಣ್ಣೆಗಳ ಚೀಲಗಳನ್ನು ಕಟ್ಟಿ ಒಯ್ದು ಬಾಗಿಲ ಬಳಿ ಇಟ್ಟು ಬರುತ್ತಿದ್ದರಂತೆ. ಒಳಗಿದ್ದವರಲ್ಲಿ ನೇಪಾಳದವರಿದ್ದರು, ಬಾಂಗ್ಲಾದವರಿದ್ದರು, ಪೇಶಾವರದವರಿದ್ದರು. "31 ವರ್ಷದಲ್ಲಿ ನಾನು ಆ ಊರಿನಲ್ಲಿ ಬದುಕಿದ್ದು ಆ ಎರಡು ತಿಂಗಳು" ಎಂದ ಅಣ್ಣ. ತಮ್ಮನ ಕಥೆ ಇನ್ನೂ ಚಿಕ್ಕದು. ಪಕ್ಕದ ಮನೆಯಲ್ಲಿ ಒಂಟಿಯಾಗಿದ್ದ ಮುದುಕಿಯ ಮೆಟ್ಟಿಲ ಹಿಮವನ್ನು ಅವನು ಹತ್ತು ಚಳಿಗಾಲ ಸಲಿಕೆಯಿಂದ ತೆಗೆದುಹಾಕಿದ್ದ. ಆಕೆ ತೀರಿಕೊಂಡಾಗ ಮಗಳು ಬಂದು ಬಾಗಿಲು ತಟ್ಟಿ, ಪೆಟ್ಟಿಗೆ ಹೊರುವ ಆರು ಜನರಲ್ಲಿ ನೀವೊಬ್ಬರಾಗಬೇಕೆಂದು ಕೇಳಿಕೊಂಡಳು. ಪೆಟ್ಟಿಗೆಯ ಹಿತ್ತಾಳೆಯ ಹಿಡಿ ಅಂಗೈಯನ್ನು ಕೊರೆಯುವಷ್ಟು ತಣ್ಣಗಿತ್ತೆಂದು ಹೇಳಿ ಅವನು ಕೈಯನ್ನು ನಮ್ಮ ಮುಂದೆ ಬಿಚ್ಚಿ ತೋರಿಸಿದ. ಅನ್ಯಗೋತ್ರದ ಹೆಣಕ್ಕೆ ಹೆಗಲು ಕೊಟ್ಟುದರಿಂದ ತನಗೆ ಸೂತಕವುಂಟೇ ಎಂದು ಅವನು ಮಧ್ಯಾಹ್ನ ಭಟ್ಟರನ್ನು ಕೇಳಿದ್ದನಂತೆ. "ಸ್ನಾನ ಮಾಡಿದ್ದೀರಲ್ಲ, ಸಾಕು, ಅದು ಪುಣ್ಯದ ಕೆಲಸ" ಎಂದರಂತೆ ಅವರು.

ನಾಡು ನಮ್ಮ ದುಡಿಮೆಯನ್ನು ಕೊಳ್ಳುತ್ತದೆ. ಬೆಲೆ ಕೊಟ್ಟು ಋಣವನ್ನು ಅಂದಂದೇ ತೀರಿಸಿಕೊಳ್ಳುತ್ತದೆ. ಬೆಲೆ ಕೊಡದ ಏನನ್ನಾದರೂ ನಮ್ಮಿಂದ ಅದು ಕೈಯೊಡ್ಡಿ ತೆಗೆದುಕೊಂಡ ದಿನ ಮಾತ್ರ ನಮಗೂ ಅದಕ್ಕೂ ತೀರದ ಸಂಬಂಧವೊಂದು ಹುಟ್ಟುತ್ತದೆ. ಕಲ್ಯಾಣದ ಶರಣರು ಕಾಯಕದ ಜೊತೆಗೆ ದಾಸೋಹವನ್ನು ಬಿಡದೆ ಹೇಳಿದುದರ ಮರ್ಮ ಇದೇ ಇರಬೇಕೆಂದು ನನಗೆ ಈಗ ತೋರುತ್ತದೆ. ಆ ಕಲ್ಯಾಣವೂ ವಲಸೆ ಬಂದವರ ಪಟ್ಟಣವಾಗಿತ್ತಷ್ಟೆ. ಕಾಶ್ಮೀರದ ಅರಸನಾಗಿದ್ದವನು ಹೆಂಡತಿಯೊಡನೆ ಅಲ್ಲಿಗೆ ಬಂದು ಸೌದೆಯ ಹೊರೆ ಮಾರುವ ಮೋಳಿಗೆಯ ಮಾರಯ್ಯನಾದನೆಂದು ನಮ್ಮ ಪರಂಪರೆ ಹೇಳುತ್ತದೆ. ಸೌದೆ ಮಾರಿದುದರಿಂದ ಅವನು ಆ ಊರಿನ ವ್ಯಾಪಾರಿಯಾದ. ಮಾರಿ ಬಂದುದರಲ್ಲಿ ಜಂಗಮರಿಗೆ ಬಡಿಸಿ, ಅವರು ಉಂಡುದರಿಂದ ಆ ಊರಿನವನಾದ. ಉಣ್ಣುವವರು ಎಲೆಯ ಮುಂದೆ ಕೂರದಿದ್ದರೆ ಮಾರಯ್ಯನಿಗೂ ಕಲ್ಯಾಣವು ಸಂತೆಯಾಗಿಯೇ ಉಳಿಯುತ್ತಿತ್ತು.

ಇದನ್ನು ಹೇಳಿ ಕಾನೂನಿನ ಕಾಠಿನ್ಯಕ್ಕೆ ವೇದಾಂತದ ಹೊದಿಕೆಯನ್ನು ಹೊದಿಸುವುದು ನನ್ನ ಉದ್ದೇಶವಲ್ಲ. ಕೊಲ್ಲಿಯ ನಾಡುಗಳಲ್ಲಿ ಕಫೀಲನ, ಅಂದರೆ ವೀಸಾದ ಪ್ರಾಯೋಜಕನ, ಅನುಮತಿಯಿಲ್ಲದೆ ಕೆಲಸ ಬಿಡಲಾರದೆ ವರ್ಷಗಟ್ಟಲೆ ನರಳಿದವರಿಗೂ, ತಂದೆಯ ಸಾಲು ಸರಿಯದುದರಿಂದ ತನ್ನೂರಿನಲ್ಲೇ ಪರಕೀಯಳಾಗುವ ನನ್ನ ತಮ್ಮನ ಮಗಳಿಗೂ, ನೀನು ಕೊಟ್ಟುದರಿಂದ ನೆಲ ನಿನ್ನದಾಯಿತೆಂದು ಹೇಳಿ ಸಮಾಧಾನಪಡಿಸುವುದು ಕ್ರೂರವಾದೀತು. ಮನುಷ್ಯನಿಂದ ದಾನವನ್ನು ಸ್ವೀಕರಿಸಿದ ನಾಡು ಅವನಿಗೆ ಬಾಗಿಲು ಮುಚ್ಚಿದರೆ ಅದು ಬರಿಯ ಕಟ್ಟುನಿಟ್ಟಲ್ಲ, ಕೃತಘ್ನತೆ. ದುಡಿಮೆಯನ್ನು ಮಾತ್ರ ಕೊಂಡ ನಾಡಿನ ಮೇಲೆ ಹೊರಿಸಲಾಗದ ದೋಷ ಇದರ ಮೇಲೆ ಬರುತ್ತದೆ. ಉಗಾಂಡದ ಆಜ್ಞೆಯನ್ನು ಕುರಿತು ಐವತ್ತು ವರ್ಷದ ಮೇಲೂ ನಮ್ಮ ಮನಸ್ಸು ಕುದಿಯುವುದು ಇದಕ್ಕಾಗಿಯೇ.

ಬೆಳಿಗ್ಗೆ ಯಾಕೆ ನಿಂತೆ ಎಂದು ಅಣ್ಣನನ್ನು ಕೊನೆಗೆ ಕೇಳಿದೆ. ಅಲ್ಲಿ ಪರಶುರಾಮಕ್ಷೇತ್ರವೆಂದಾಗಲೆಲ್ಲ ಈ ಅಂಗಳ ಕಣ್ಣಿಗೆ ಕಟ್ಟುತ್ತಿತ್ತು, ಇಂದು ಅಂಗಳದಲ್ಲೇ ಕುಳಿತು ಆ ಪದವನ್ನು ನುಡಿಯಹೊರಟಾಗ ಸೋನಾಪುರದ ಬಾಗಿಲುಗಳು ಕಂಡುವು ಎಂದ. ತಮ್ಮ ಏನೂ ಹೇಳಲಿಲ್ಲ. ಹಾಜಿಯವರು ಬರುವ ತಿಂಗಳು ಉಮ್ರಾಕ್ಕೆ ಹೊರಟಿದ್ದಾರೆ. ದಾರಿಯಲ್ಲಿ ಮಗನನ್ನು ನೋಡಲೆಂದು ಜುಬೈಲಿನಲ್ಲಿ ಮೂರು ದಿನ ಇರುತ್ತಾರಂತೆ. ಮೂರೇ ದಿನವಾದುದರಿಂದ ಅಲ್ಲಿ ಈಗ ಅವರು ಪ್ರಯಾಣಿಕರು. "26 ವರ್ಷ ನಾಲ್ಕು ರಕಾತ್ ಮಾಡಿದ ಅದೇ ಮಸೀದಿಯಲ್ಲಿ ಇನ್ನು ಎರಡು ಮಾಡಬಹುದು. ಮಾಡಲಿಕ್ಕೆ ಮನಸ್ಸು ಬರ್ತದೋ ಇಲ್ಲವೋ ನೋಡ್ಬೇಕು" ಎಂದು ಹೇಳಿ, ಮಗ್ರಿಬಿನ ಬಾಂಗು ಕೇಳಿದ್ದರಿಂದ ಎದ್ದು, ಅಂಗಳದ ತುದಿಯಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ಕತ್ತಲಲ್ಲಿ ಕಾಲಿನಿಂದ ತಡಕಿದರು.