ತೀರ್ಥದ ನೀರು, ಸುರಂಗದ ನೀರು

ಗುಡ್ಡದ ದೇವರಿಗೆ ನಡೆದುಕೊಳ್ಳುವ ಭಕ್ತರು ಈಗ ಒಂದೇ ದೇವರ ದರ್ಶನ ಮಾಡಿ ಮನೆಗೆ ತಿರುಗುವುದು ಕಡಿಮೆ. ಹ್ಯಾಂಗೂ ಗಾಡಿ ಬಾಡಿಗೆ ಹಿಡಿದದ್ದಾಗಿದೆ, ಮಕ್ಕಳಿಗೆ ಸೂಟಿ ಇದೆ, ಹಾದಿಯಲ್ಲಿ ಸಿಗುವ ಕಾಡು, ಡ್ಯಾಮು, ಕೋಟೆ, ಹಳೇ ಕಾಲುವೆ ಎಲ್ಲವನ್ನೂ ನೋಡಿಕೊಂಡೇ ಹೋಗೋಣ ಎನ್ನುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಹಿಂದೆ ಕಾಲ್ನಡಿಗೆಯಲ್ಲಿ ಪರಸೆ ಹೋಗುತ್ತಿದ್ದವರೂ ಹಳ್ಳದ ದಂಡೆಯಲ್ಲಿ ಬುತ್ತಿ ಬಿಚ್ಚುತ್ತಿದ್ದರು, ಹುಣಸೆ ಮರದ ನೆರಳಲ್ಲಿ ಅಡ್ಡಾಗುತ್ತಿದ್ದರು, ಯಾರೋ ಕಟ್ಟಿಸಿದ ಬಾವಿಯ ನೀರು ಕುಡಿದು, ಕಟ್ಟಿಸಿದವರಿಗೆ ಪುಣ್ಯ ಬರಲಿ ಎಂದು ಹರಸಿ ಮುಂದೆ ಸಾಗುತ್ತಿದ್ದರು. ಹಾದಿಯೂ ಯಾತ್ರೆಯ ಒಂದು ಭಾಗವೇ ಆಗಿತ್ತು.

ಆದರೆ ಇದರೊಳಗೆ ಒಂದು ಪ್ರಶ್ನೆ ಕೂತಿದೆ. ಗುಡಿಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ತಲೆ ಬಾಗಿಸಿ, ದನಿ ತಗ್ಗಿಸಿ ನಿಂತ ಮನಸ್ಸು ಅರ್ಧ ತಾಸಿನ ಮೇಲೆ ಕಾಡಿನೊಳಗೋ ಕಾಲುವೆಯ ದಂಡೆಯಲ್ಲೋ ಕೂತಾಗ ಎಲ್ಲಿಗೆ ಹೋಗಿರುತ್ತದೆ?

ಆಳಂದ ತಾಲೂಕಿನ ಮಟಕಿಯ ಒಂದು ಮನೆತನವನ್ನು ಕಣ್ಣ ಮುಂದೆ ತಂದುಕೊಂಡರೆ ಮಾತು ತಿಳಿಯಾದೀತು. ತೊಗರಿ ರಾಶಿ ಮುಗಿದಿದೆ. ಹರಕೆ ಬಹಳ ದಿನದಿಂದ ಉಳಿದಿದೆ. ಒಂದು ಕ್ರೂಸರ್ ಗಾಡಿಯಲ್ಲಿ ಆಯಿ, ಮಗ, ಸೊಸೆ, ಮೊಮ್ಮಕ್ಕಳು, ಬಾಜೂಮನೆಯ ಕಾಕಾ, ಕಾಕಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ ಕಟ್ಟಿಕೊಂಡಿದ್ದಾರೆ. ಕಲಬುರಗಿಯಲ್ಲಿ ಶರಣಬಸವೇಶ್ವರರಿಗೆ ಕಾಯಿ ಒಡೆಸಿ, ಅಪ್ಪನ ಕೆರೆಯ ದಂಡೆಯಲ್ಲಿ ಮಕ್ಕಳನ್ನು ಒಂದಿಷ್ಟು ಆಡಿಸಿ, ಹುಮನಾಬಾದ ದಾಟಿ ಬೀದರಕ್ಕೆ ಬಂದು ಇಳಿಯುತ್ತಾರೆ.

ಬೀದರದ ಝರಣಿ ನರಸಿಂಹನನ್ನು ನೋಡಿದವರಿಗೆ ಹೇಳಬೇಕಾದ್ದಿಲ್ಲ. ಗುಡ್ಡದ ಹೊಟ್ಟೆಯೊಳಗೆ ಕೊರೆದ ಉದ್ದನೆಯ ಗವಿ, ಅದರ ತುಂಬ ನೀರು. ಒಳಗೆ ಬಿಟ್ಟ ದಿನ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದೇ ಸ್ವಾಮಿಯ ಸನ್ನಿಧಿಗೆ ಹೋಗಬೇಕು. ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡಿರುತ್ತಾರೆ, ತಲೆಯ ಮೇಲೆ ಬಾವಲಿಗಳು ಹಾರಾಡುತ್ತಿರುತ್ತವೆ, ಗೋವಿಂದಾ ಎಂಬ ಕೂಗು ಕಲ್ಲಿಗೆ ಬಡಿದು ತಿರುಗಿ ಬರುತ್ತದೆ. ಅದೇ ಊರಿನಲ್ಲಿ ನಾನಕ ಝೀರಾ ಇದೆ. ಗುರು ನಾನಕರು ಬಂದಾಗ ಅವರ ಪಾದ ತಾಗಿ ಸಿಹಿನೀರಿನ ಸೆಲೆ ಹರಿಯಿತೆಂದು ಸಿಖ್ಖರು ನಂಬುತ್ತಾರೆ, ಎಲ್ಲ ಜಾತಿಯವರೂ ಹೋಗಿ ಆ ನೀರನ್ನು ಕಣ್ಣಿಗೊತ್ತಿಕೊಂಡು ಬರುತ್ತಾರೆ. ಆಯಿಯೂ ಒಂದು ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಝರಣಿಯ ತೀರ್ಥ ತುಂಬಿಕೊಂಡಳು.

ಅಲ್ಲಿಂದ ಊರ ಹೊರಗಿನ ನೌಬಾದ ಕಡೆ ಬಂದರೆ ನೆಲದಲ್ಲಿ ಸಾಲಾಗಿ ಬಾವಿಯಂಥ ತೂತುಗಳು. ಜನ ಇದನ್ನು ಸುರಂಗ ಬಾವಿ ಎನ್ನುತ್ತಾರೆ, ಓದಿದವರು ಕರೇಜ್ ಎನ್ನುತ್ತಾರೆ. ಇಂಥ ಒಂದು ಬಾವಿಯೊಳಗೆ ಬಗ್ಗಿ ನೋಡಿದ ಮೊಮ್ಮಗ ಕೇಳಿದ:

“ಆಯಿ, ಅಲ್ಲಿ ಸುರಂಗದಾಗಿನ ನೀರಿಗಿ ಕೈ ಮುಗದೇವು. ಇದೂ ಸುರಂಗನೇ ಅದ, ಇದರಾಗೂ ನೀರ್ ಅದ. ಇದರಾಗ ಯಾಕ್ ಕಸಾ ಒಗದಾರ?”

“ಅಲ್ಲಿ ದೇವ್ರು ಅದಾನ ತಮ್ಮಾ. ಇಲ್ಲಿ ಏನದ?”

ಆಯಿಯ ಉತ್ತರವನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ನಮ್ಮ ನಾಡಿನಲ್ಲಿ ಎಷ್ಟೋ ಮರ, ಕಲ್ಯಾಣಿ, ಗುಡ್ಡದ ಸೆಲೆ ಉಳಿದದ್ದೇ ಅಲ್ಲಿ ದೇವರಿದ್ದಾನೆ ಎಂಬ ಭಯಭಕ್ತಿಯಿಂದ. ಆದರೂ ‘ಇಲ್ಲಿ ಏನದ’ ಎಂಬ ಮಾತಿಗೆ ಉತ್ತರ ಇದೆ.

ಬೀದರ ಎತ್ತರದ ಊರು. ಮೇಲೆ ಜಂಬಿಟ್ಟಿಗೆ ಕಲ್ಲಿನ ಪದರ, ಅದರ ಕೆಳಗೆ ಗಟ್ಟಿ ಕರಿಕಲ್ಲು. ಮಳೆ ನೀರು ಜಂಬಿಟ್ಟಿಗೆಯ ತೂತುಗಳಲ್ಲಿ ಇಂಗಿ ಕೆಳಗಿಳಿದು, ಕರಿಕಲ್ಲಿಗೆ ತಾಗಿ ನಿಂತು, ಅಡ್ಡಡ್ಡ ಹರಿಯುತ್ತದೆ. ಝರಣಿಯ ನೀರೂ ನಾನಕ ಝೀರಾದ ನೀರೂ ಇಂಥ ಸೆಲೆಯದೇ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರಗಿಯಿಂದ ರಾಜಧಾನಿಯನ್ನು ಬೀದರಕ್ಕೆ ಒಯ್ದಾಗ ಇಷ್ಟು ದೊಡ್ಡ ಊರಿಗೆ ನೀರು ಬೇಕಾಯಿತು. ಇರಾನ ದೇಶದಲ್ಲಿ ಬಹಳ ಹಿಂದಿನಿಂದಲೂ ಇದ್ದ ವಿದ್ಯೆಯನ್ನು ಇಲ್ಲಿ ತಂದರು. ಎತ್ತರದ ಕಡೆ ಒಂದು ತಾಯಿಬಾವಿ ತೋಡುವುದು. ಅಲ್ಲಿಂದ ನೆಲದೊಳಗೇ, ನೀರು ತಾನೇ ಮೆಲ್ಲಗೆ ಇಳಿದು ಹರಿಯುವಷ್ಟು ಇಳಿಜಾರಿಟ್ಟು ಸುರಂಗ ಕೊರೆಯುವುದು. ಅಲ್ಲಲ್ಲಿ ಮೇಲಿನಿಂದ ಬಾವಿ ಇಳಿಸುವುದು. ಆ ಬಾವಿಗಳಿಂದ ಮಣ್ಣು ಮೇಲಕ್ಕೆ ಬರುತ್ತದೆ, ಗಾಳಿ ಕೆಳಗೆ ಹೋಗುತ್ತದೆ, ಆಮೇಲೆ ಊರವರು ಅದೇ ಬಾವಿಯಿಂದ ನೀರು ಸೇದುತ್ತಾರೆ. ಎತ್ತು ಬೇಡ, ಯಂತ್ರ ಬೇಡ, ಕರೆಂಟು ಬೇಡ. ಬಿಸಿಲಿಗೆ ನೀರು ಆರುವುದಿಲ್ಲ. ಮೇಲೆ ಏಪ್ರಿಲ್ ತಿಂಗಳ ಬೀದರ ಉರಿಯುತ್ತಿದ್ದರೂ ಕೆಳಗೆ ತಂಪು.

ಇಳಿಜಾರು ಒಂದಿಷ್ಟು ಹೆಚ್ಚಾದರೆ ನೀರು ರಭಸವಾಗಿ ಹರಿದು ಸುರಂಗವನ್ನೇ ಕೊರೆದು ಬೀಳಿಸುತ್ತದೆ, ಕಡಿಮೆಯಾದರೆ ನಿಂತು ಹೂಳು ತುಂಬುತ್ತದೆ. ಕತ್ತಲಲ್ಲಿ ಎಣ್ಣೆ ದೀಪ ಇಟ್ಟುಕೊಂಡು ಬೆನ್ನು ಬಾಗಿಸಿ ಆ ಇಳಿಜಾರು ಹಿಡಿದು ಕೊರೆದವರು ಯಾರು? ಸುಲ್ತಾನರ ಹೆಸರು ಪುಸ್ತಕದಲ್ಲಿದೆ, ಇವರ ಹೆಸರು ಎಲ್ಲೂ ಇಲ್ಲ. ಅವರ ಮಕ್ಕಳು ಆ ನೀರು ಕುಡಿದಿರಬಹುದು, ಅದಕ್ಕಿಂತ ಹೆಚ್ಚಾಗಿ ಅವರಿಗೆ ಗುರುತೇ ಇಲ್ಲದವರು ಕುಡಿದರು. ಇದೇ ಅಲ್ಲಿ ‘ಇರುವುದು’. ಕಾಯಕ ಎಂದು ಶರಣರು ಯಾವುದನ್ನು ಕೊಂಡಾಡಿದರೋ ಅದು ಈ ಕಲ್ಲಿನಲ್ಲಿ ಕೆತ್ತಿ ಕೂತಿದೆ.

ಇಂಥದ್ದರೊಳಗೆ ಕಸ ಹೇಗೆ ಬಂತು? ಊರಿಗೆ ಬೇರೆ ಕಡೆಯಿಂದ ನೀರು ಬಂತು, ಕೊಳವೆಬಾವಿ ಬಂತು, ಮನೆ ಮನೆಗೆ ನಳ ಬಂತು. ಸುರಂಗ ಬಾವಿಯಿಂದ ಕುಡಿಯುವವರು ಇಲ್ಲವಾದರು. ಕುಡಿಯುವವರು ಇಲ್ಲದ ನೀರಿಗೆ ಕಾಯುವವರೂ ಇರುವುದಿಲ್ಲ. ಬಾವಿಗಳು ಮಣ್ಣಿನಿಂದ, ಹೊಲಸಿನಿಂದ ಮುಚ್ಚಿದವು, ಕೆಲವದರ ಮೇಲೆ ಕಟ್ಟಡ ಎದ್ದವು. 2010ರ ದಶಕದಲ್ಲಿ ಇದನ್ನು ಅಳೆದು, ನಕಾಶೆ ಬರೆದು, ಹೂಳು ತೆಗೆಯುವ ಕೆಲಸ ನಡೆಯಿತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ದಖ್ಖನ್ ಪ್ರಸ್ಥಭೂಮಿಯ ಹಳೇ ನೀರಿನ ವ್ಯವಸ್ಥೆಗಳನ್ನು ಜಗತ್ತು ಕಾಪಾಡಿಕೊಳ್ಳಬೇಕಾದ ತಾಣಗಳ 2020ರ ಪಟ್ಟಿಯಲ್ಲಿ ಸೇರಿಸಿತು. ಅತ್ತ ಕಾಸರಗೋಡಿನ ಕಡೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿವೆ. ಎಷ್ಟೋ ಮನೆಗಳವರು ಇವತ್ತಿಗೂ ಅದೇ ನೀರು ಕುಡಿಯುತ್ತಾರೆ, ತೋಟಕ್ಕೆ ಬಿಡುತ್ತಾರೆ. ಅಲ್ಲಿ ಬಾಯಿಗೆ ಬೀಳುವ ನೀರಿಗೆ ಕಸ ಒಗೆ ಎಂದರೆ ಯಾರು ಒಗೆದಾರು?

ಹಾಗಾದರೆ ದೇವರಿದ್ದರೆ ಸಾಕು, ನೀರು ಶುದ್ಧವಾಗಿ ಉಳಿಯುತ್ತದೆಯೇ? ಭಕ್ತಾದಿಗಳು ಸಿಟ್ಟಾಗಬಾರದು, ಆಯಿಯ ಉತ್ತರ ಇಲ್ಲಿ ಸೋಲುತ್ತದೆ. ನಾಡಿನ ದೊಡ್ಡ ತೀರ್ಥಕ್ಷೇತ್ರಗಳ ನದಿ ದಂಡೆಯನ್ನು ಹುಣ್ಣಿಮೆಯ ಮರುದಿನ ನೋಡಬೇಕು. ಸ್ನಾನ ಮಾಡಿ ಬಿಟ್ಟ ಬಟ್ಟೆ, ಶಾಂಪೂ ಚೀಟಿ, ಕರ್ಪೂರದ ಡಬ್ಬಿ, ಕುಂಕುಮದ ಪಾಕೀಟು, ಹೂವಿನ ಜೊತೆ ಹೂವು ತಂದ ಪ್ಲಾಸ್ಟಿಕ್ ಚೀಲ. ಇದನ್ನು ಬಿಟ್ಟವರು ನಾಸ್ತಿಕರಲ್ಲ, ಉಪವಾಸ ಇದ್ದು ಬಂದವರು. ತನ್ನ ಪಾಪ ಬಿಟ್ಟು ಹೋಗಲು ಬಂದವನಿಗೆ ತನ್ನ ಹಳೇ ಪಂಜೆಯನ್ನೂ ಅಲ್ಲೇ ಬಿಡುವುದು ದೊಡ್ಡದೆನಿಸುವುದಿಲ್ಲ. ಗಂಗಮ್ಮ ತಾಯಿ ಎಲ್ಲ ತೊಳಕೋತಾಳ ಎಂಬ ನಂಬಿಕೆ. ತಾಯಿ ಎಂದು ಕರೆದ ಮೇಲೆ ಅವಳ ಮೈಮೇಲೆ ಏನು ಹಾಕಿದರೂ ನಡೆಯುತ್ತದೆ ಎಂಬ ಲೆಕ್ಕ ಎಲ್ಲಿಂದ ಬಂತೋ!

ನದಿಯಂತೂ ನಿಂತಲ್ಲಿ ನಿಲ್ಲುವುದಿಲ್ಲ. ಆಳಂದ ಸೀಮೆಯ ಅಮರ್ಜಾ ನದಿ ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಸೇರುತ್ತದೆ. ಭೀಮೆ ಅಫಜಲಪುರದ ಊರುಗಳನ್ನು ದಾಟಿ ಜೇವರ್ಗಿ ಕಡೆ ಹೋಗುತ್ತಾಳೆ, ಮುಂದೆ ಕೃಷ್ಣೆಗೆ ಕೂಡುತ್ತಾಳೆ. ಆಳಂದದವರು ಅಮರ್ಜೆಗೆ ಬಿಟ್ಟದ್ದು ಸಂಗಮದಲ್ಲಿ ಮುಳುಗು ಹಾಕುವವರಿಗೆ, ಸಂಗಮದಲ್ಲಿ ಬಿಟ್ಟದ್ದು ಜೇವರ್ಗಿಯ ಹೊಲದವರಿಗೆ, ದನಗಳಿಗೆ. ಕೆಳಗಿನ ಊರಲ್ಲಿ ಕೊಡ ಮುಳುಗಿಸುವ ಹೆಣ್ಣುಮಗಳನ್ನು ಮೇಲೆ ಸ್ನಾನ ಮಾಡುವ ಭಕ್ತ ಎಂದೂ ನೋಡಿರುವುದಿಲ್ಲ. ಸುರಂಗ ಕೊರೆದವನೂ ತನ್ನ ನೀರು ಕುಡಿಯುವವರನ್ನು ನೋಡಿರಲಿಲ್ಲ; ನೋಡದವರಿಗಾಗಿಯೇ ಅವನು ಇಳಿಜಾರು ತಪ್ಪಿಸದೆ ಕೊರೆದ. ಅವನ ಋಣ ಅವನಿಗೆ ತೀರಿಸಲು ಬರುವುದಿಲ್ಲ, ಸತ್ತು ನೂರಾರು ವರ್ಷವಾಗಿದೆ. ಕೆಳಗಿನ ಊರಿನ ಆ ಹೆಣ್ಣುಮಗಳಿಗೇ ತೀರಿಸಬೇಕು.

ಕಾಡಿನ ಮಾತು ಇದಕ್ಕಿಂತ ಸೂಕ್ಷ್ಮ. ಬೀದರದಿಂದ ತಿರುಗಿ ಬರುವಾಗ ಚಿಂಚೋಳಿ ಹಾದಿ ಹಿಡಿದರೆ, ಎಲ್ಲೆಲ್ಲೂ ತೊಗರಿ ಹೊಲ ನೋಡಿ ದಣಿದ ಕಣ್ಣಿಗೆ ಒಮ್ಮೆಲೇ ಹಸಿರು ಗುಡ್ಡ ಕಾಣುತ್ತದೆ. ಗೊಟ್ಟಂಗೊಟ್ಟದ ದೇವಸ್ಥಾನ, ಚಂದ್ರಂಪಳ್ಳಿ ಜಲಾಶಯ, ಮಳೆಗಾಲದಲ್ಲಿ ಧುಮುಕುವ ಎತ್ತಿಪೋತ. ಸುಮಾರು 135 ಚದರ ಕಿಲೋಮೀಟರಿನ ಈ ಕಾಡನ್ನು 2011ರಲ್ಲಿ ವನ್ಯಜೀವಿಧಾಮ ಎಂದು ಸಾರಲಾಯಿತು. ಕೃಷ್ಣಮೃಗ, ತೋಳ, ಕತ್ತೆಕಿರುಬ, ನರಿಗಳು ಇಲ್ಲಿವೆ. ಲಂಬಾಣಿ ತಾಂಡಾಗಳೂ ಇವೆ. ಕಾಡು ಧಾಮವಾದ ಮೇಲೆ ತಾಂಡಾದವರಿಗೆ ದನ ಮೇಯಿಸಲು, ಕಟ್ಟಿಗೆ ತರಲು ಕಾನೂನು ಅಡ್ಡ ಬರುತ್ತದೆ. ಹೊಟ್ಟೆಯ ಪಾಡಿಗಾಗಿ ಕಾಡಿಗೆ ಹೋಗುವವರಿಗೆ ಹೀಗೆ. ರವಿವಾರ ಗಾಡಿ ತುಂಬ ಬಂದು, ಡೆಕ್ ಹಚ್ಚಿ, ಮೂರು ಕಲ್ಲಿಟ್ಟು ಒಲೆ ಹೂಡಿ, ಥರ್ಮೋಕೋಲ್ ತಾಟು ಅಲ್ಲೇ ಬಿಟ್ಟು ಹೋಗುವವರಿಗೆ? ಅವರಿಗೂ ಕಾನೂನು ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದಲ್ಲಿ ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು ಅಪರಾಧ, ಕಸ ಒಗೆಯುವುದೂ ಅಪರಾಧ. ಪ್ಲಾಸ್ಟಿಕ್ ಚೀಲ, ತಾಟುಗಳನ್ನು ರಾಜ್ಯ ಸರಕಾರ 2016ರಲ್ಲೇ ನಿಷೇಧಿಸಿದೆ. ಆದರೆ ದಿನಾ ಕಾಡಲ್ಲಿರುವವನು ಗಾರ್ಡನ ಕೈಗೆ ಸಿಗುತ್ತಾನೆ, ಒಂದು ದಿನಕ್ಕೆ ಬಂದವನು ಸಂಜೆಗೆ ಊರು ಸೇರಿರುತ್ತಾನೆ. ನೋಡಲು ಬಂದವರ ಸಂತೋಷಕ್ಕಾಗಿ ಅಲ್ಲಿ ಬದುಕುವವರು ತ್ಯಾಗ ಮಾಡಬೇಕು, ನೋಡಲು ಬಂದವರು ಮಾತ್ರ ಏನೂ ಬಿಡಬೇಕಾಗಿಲ್ಲ ಎಂದರೆ ಅದು ಯಾವ ಧರ್ಮ?

ಹಾಗಿದ್ದರೆ ಹೋಗುವುದೇ ಬೇಡ ಎನ್ನುವವರಿದ್ದಾರೆ. ಅದೂ ಸರಿ ಕಾಣುವುದಿಲ್ಲ. ಜನ ಹೋಗಿ ನೋಡದೇ ಇದ್ದಾಗಲೇ ಸುರಂಗ ಬಾವಿ ಮುಚ್ಚಿತು; ಹೋಗಿ ನೋಡಿದವರು ಬಾಯಿ ಬಿಟ್ಟು ಹೇಳಿದ ಮೇಲೆಯೇ ತೆರೆಯಿತು. ಕಾಡಿನ ಬಾಯಲ್ಲಿ ಮೆಕ್ಕೆ ತೆನೆ ಸುಟ್ಟು ಮಾರುವ ತಾಂಡಾದ ಹೆಣ್ಣುಮಗಳಿಗೆ ನೋಡಲು ಬಂದವರೇ ಗಿರಾಕಿ. ಬೀದರದ ಮಕ್ಕಳೇ ಕಾಣದ ಕೆಲಸವನ್ನು ಮಟಕಿಯ ಹುಡುಗ ಬಂದು ಬಗ್ಗಿ ನೋಡಿ ಪ್ರಶ್ನೆ ಕೇಳಿದ್ದು ಸಣ್ಣ ಮಾತಲ್ಲ. ಹೋಗುವವನು ಯಾರಾಗಿ ಹೋಗುತ್ತಾನೆ ಎಂಬುದನ್ನು ನೋಡಬೇಕು. ಟಿಕೀಟು ತೆಗೆಸಿದವನು ಗಿರಾಕಿ. ಅವನಿಗೆ ರೊಕ್ಕ ಕೊಟ್ಟದ್ದಷ್ಟೇ ನೆನಪು. ಬೀಗರ ಮನೆಗೆ ಹೋದವನು ಉಂಡ ತಾಟನ್ನು ಅಂಗಳದಲ್ಲಿ ಒಗೆದು ಬರುತ್ತಾನೆಯೇ?

ಶರಣಬಸವೇಶ್ವರರು ಹುಟ್ಟಿದ್ದು ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ. ಅವರ ಹೊಲದ ಕಥೆಯನ್ನು ಈ ಭಾಗದ ಮುದುಕರು ಇವತ್ತಿಗೂ ಹೇಳುತ್ತಾರೆ. ಜೋಳ ಕಾಯಲು ಹೋದ ಅಪ್ಪಾವರು ಕವಣೆ ಬೀಸಲಿಲ್ಲ. ಹಕ್ಕಿಗಳು ತಿನ್ನಲಿ ಎಂದು ಬಿಟ್ಟರು, ಕುಡಿಯಲು ನೀರೂ ಇಟ್ಟರು. ರಾಶಿ ಕಡಿಮೆಯಾಗಲಿಲ್ಲ ಎಂಬ ಪವಾಡವನ್ನು ಎಲ್ಲರೂ ನೆನಪಿಡುತ್ತಾರೆ. ಪವಾಡ ಹಾಗಿರಲಿ. ತಿಂದು ಹಾರಿ ಹೋದ ಹಕ್ಕಿ ಮರಳಿ ಬಂದು ಉಪಕಾರ ತೀರಿಸುವುದಿಲ್ಲ ಎಂದು ಗೊತ್ತಿದ್ದೂ ನೀರು ತುಂಬಿದ ಆ ಮಡಕೆಯ ಕಡೆ ಜನರ ಲಕ್ಷ್ಯ ಕಡಿಮೆ ಹೋಗುತ್ತದೆ. ದಾಸೋಹ ಎಂಬುದು ಅಲ್ಲಿಂದಲೇ ಸುರುವಾಗುತ್ತದೆ.

ಈ ಗುಡ್ಡದ ಮೆಟ್ಟಿಲು ಹತ್ತಿ ಬಂದವರ ಕೈಯಲ್ಲೂ ಇವತ್ತು ಒಂದು ಚೀಲ, ಒಂದು ಬಾಟ್ಲಿ ಇದ್ದೇ ಇರುತ್ತದೆ. ಪ್ರಸಾದದ ಒಂದು ಅಗಳು ಕೆಳಗೆ ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಆ ಪ್ರಸಾದ ಕಟ್ಟಿಕೊಟ್ಟ ಚೀಲ ಗಾಳಿಗೆ ಹಾರಿ ಕೆಳಗಿನ ಹೊಲಕ್ಕೆ ಬಿದ್ದರೆ, ಅದನ್ನು ಅಲ್ಲಿಯ ದನ ತಿಂದರೆ, ಪಾಪ ಯಾರ ಲೆಕ್ಕಕ್ಕೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲ.

ಮಟಕಿಯವರ ಗಾಡಿ ಊರು ಮುಟ್ಟಿದಾಗ ರಾತ್ರಿಯಾಗಿತ್ತು. ಮುಂಜಾನೆ ಎದ್ದು ಆಯಿ ಓಣಿಯವರಿಗೆಲ್ಲ ಒಂದೊಂದು ಚಮಚ ತೀರ್ಥ ಕೊಟ್ಟಳು. ಉಳಿದದ್ದನ್ನು ಮಾಳಿಗೆಯ ಮೇಲೆ ಗುಬ್ಬಿಗಳಿಗೆ ಇಟ್ಟ ಮಣ್ಣಿನ ಪರಟೆಗೆ ಸುರಿದಳು. ಖಾಲಿ ಬಾಟ್ಲಿ ಹಿಡಿದುಕೊಂಡು ಮೊಮ್ಮಗ ನಿಂತಿದ್ದ.

“ಆಯಿ, ಇದನ್ನ ಎಲ್ಲಿ ಒಗಿಲಿ?”

ಆಯಿ ಬಾಟ್ಲಿಯನ್ನು ನೋಡಿದಳು, ಅವನ ಮುಖ ನೋಡಿದಳು.

“ತಾ ಇಲ್ಲಿ. ಎಣ್ಣಿ ತರ್ಲಾಕ ಆಗ್ತದ.”